‘ಮೊದಲ ಪೀಳಿಗೆಯ ಟೇಪು’ ಎಂದು ಹೇಳಿ ಮಾರುವವರಿದ್ದಾರೆ: ಗ್ರೇಟ್‌ಫುಲ್ ಡೆಡ್ ಕೇಳುಗರಿಗೆ ಒಂದು ಎಚ್ಚರಿಕೆ

ಕಳೆದ ವರ್ಷ ನಾನು 850 ಡಾಲರ್ ಕೊಟ್ಟು, ಗ್ರೇಟ್‌ಫುಲ್ ಡೆಡ್ ಎಂಬ ಅಮೆರಿಕದ ರಾಕ್ ಸಂಗೀತ ತಂಡದ ಕಛೇರಿಗಳ ಧ್ವನಿಮುದ್ರಣಗಳೆಂದು ಹೇಳಲಾದ ಎರಡು ಪೆಟ್ಟಿಗೆ ಕ್ಯಾಸೆಟ್ಟುಗಳನ್ನೂ ಒಂದು ಹಾರ್ಡ್ ಡಿಸ್ಕನ್ನೂ ಕೊಂಡೆ. ಕ್ಯಾಸೆಟ್ಟುಗಳು ಇತ್ತೀಚೆಗೆ ತಯಾರಿಸಿದ ನಕಲುಗಳಾಗಿದ್ದವು. ಡಿಸ್ಕಿನಲ್ಲಿದ್ದದ್ದು ಒಳ್ಳೆಯ ಡಬ್ಬಿಯಲ್ಲಿ ತುಂಬಿಟ್ಟ ಕಳಪೆ ಸರಕಾಗಿತ್ತು. ಹಣ ಹೋದದ್ದನ್ನು ಹೇಗೋ ಮರೆಯಬಹುದಿತ್ತು. ಆದರೆ ಮೋಸ ಗೊತ್ತಾಗುವ ಮೊದಲೇ ಆ ಸರಕನ್ನು ನಾನೇ ನನ್ನ ಕೈಯಾರೆ ಹನ್ನೊಂದು ಮಂದಿಗೆ ಹಂಚಿದ್ದೆ. ಇದನ್ನು ಬರೆಯಲು ಕೂತದ್ದು ಮುಖ್ಯವಾಗಿ ಆ ಕಾರಣಕ್ಕೆ.

ಈ ತಂಡದ ಪರಿಚಯವಿಲ್ಲದವರಿಗಾಗಿ ಸ್ವಲ್ಪ ಹೇಳಬೇಕು. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ 1965ರಲ್ಲಿ ಹುಟ್ಟಿದ ಗ್ರೇಟ್‌ಫುಲ್ ಡೆಡ್, 1995ರಲ್ಲಿ ಅದರ ಗಿಟಾರ್ ವಾದಕ, ಗಾಯಕ ಜೆರ್ರಿ ಗಾರ್ಸಿಯಾ ತೀರಿಕೊಳ್ಳುವವರೆಗಿನ ಮೂವತ್ತು ವರ್ಷಗಳಲ್ಲಿ ಸುಮಾರು 2,300 ಕಛೇರಿಗಳನ್ನು ಕೊಟ್ಟಿತು. ಒಂದು ದಿನ ನುಡಿಸಿದ ಪಟ್ಟಿಯನ್ನು ಅವರು ಮರುದಿನ ನುಡಿಸುತ್ತಿರಲಿಲ್ಲ. ಒಂದೇ ಹಾಡು ಒಂದು ರಾತ್ರಿ ಎಂಟು ನಿಮಿಷಕ್ಕೆ ಮುಗಿದರೆ ಇನ್ನೊಂದು ರಾತ್ರಿ ಇಪ್ಪತ್ತೈದು ನಿಮಿಷ ಹರಿಯುತ್ತಿತ್ತು. ನಮ್ಮಲ್ಲಿ ಒಬ್ಬ ವಿದ್ವಾಂಸರ ಇಂದಿನ ತೋಡಿ ನಾಳೆಯ ತೋಡಿಯಾಗಿರುವುದಿಲ್ಲವಲ್ಲ, ಹಾಗೆ. ಆದ್ದರಿಂದ ಅಭಿಮಾನಿಗಳು ಮೈಕು ಹಿಡಿದು ಸಭೆಯಲ್ಲಿ ಕೂತು ಮುದ್ರಿಸಿಕೊಳ್ಳುತ್ತಿದ್ದರು. ಅವರನ್ನು ಹೊರಗಟ್ಟುವ ಬದಲು ತಂಡವು 1984ರ ಅಕ್ಟೋಬರಿನಲ್ಲಿ, ಬರ್ಕ್ಲಿಯ ಕಛೇರಿಗಳಿಂದ ಮೊದಲುಗೊಂಡು, ಟೇಪರ್‌ಗಳಿಗೆಂದೇ ಪ್ರತ್ಯೇಕ ಜಾಗ ಮತ್ತು ಟಿಕೆಟ್ಟಿನ ವ್ಯವಸ್ಥೆ ಮಾಡಿತು. ಷರತ್ತು ಒಂದೇ: ಹಂಚಿಕೊಳ್ಳಿ, ಮಾರಬೇಡಿ. ಹೊಸಬರು ಖಾಲಿ ಕ್ಯಾಸೆಟ್ಟುಗಳನ್ನೂ ಅಂಚೆ ವೆಚ್ಚವನ್ನೂ ಕಳಿಸಿದರೆ ಹಳಬರು ತುಂಬಿಸಿ ಹಿಂದಿರುಗಿಸುತ್ತಿದ್ದರು. ಈ ಷರತ್ತು ನನಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ 850 ಡಾಲರ್ ಎಣಿಸಿದೆ.

ನಾನು ಈ ತಂಡದ ಕಡೆಗೆ ಬಂದದ್ದು ತಾಳವಾದ್ಯದ ದಾರಿಯಿಂದ. ತಂಡದ ಡ್ರಮ್ ವಾದಕರಲ್ಲಿ ಒಬ್ಬರಾದ ಮಿಕಿ ಹಾರ್ಟ್ 1991ರಲ್ಲಿ ಜಾಕಿರ್ ಹುಸೇನ್, ಘಟಂ ವಿದ್ವಾನ್ ವಿಕ್ಕು ವಿನಾಯಕರಾಮ್ ಮೊದಲಾದವರೊಡನೆ ಹೊರತಂದ ‘ಪ್ಲಾನೆಟ್ ಡ್ರಮ್’ ಕೇಳಿ, ಈ ಮನುಷ್ಯ ಉಳಿದ ದಿನಗಳಲ್ಲಿ ಏನು ಬಾರಿಸುತ್ತಿದ್ದ ಎಂದು ಹುಡುಕುತ್ತ ಹೋದೆ. ಆದರೆ ಸಂಗ್ರಹದ ಹುಚ್ಚು ಅದಕ್ಕಿಂತ ಹಳೆಯದು. ಬೆಂಗಳೂರಿನಲ್ಲಿ ನನ್ನ ಸೋದರಮಾವ ಚಾಮರಾಜಪೇಟೆಯ ರಾಮನವಮಿ ಕಛೇರಿಗಳ ಸ್ಪೂಲುಗಳನ್ನು ಗೋದ್ರೆಜ್ ಬೀರುವಿನಲ್ಲಿ ಸೀರೆಗಳ ಪಕ್ಕದಲ್ಲಿಡುತ್ತಿದ್ದರು. ಪ್ರತಿಯೊಂದು ಡಬ್ಬಿಯ ಮೇಲೆ ಹಾಡಿದವರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ, ಅದನ್ನು ಯಾರು ಮುದ್ರಿಸಿದರು, ಯಾರ ಸ್ಪೂಲಿನಿಂದ ಯಾವ ದಿನ ಇಳಿಸಿಕೊಂಡದ್ದು ಎಂದು ಬರೆದಿರುತ್ತಿತ್ತು. ‘ಗೋತ್ರ ಗೊತ್ತಿಲ್ಲದ ಟೇಪನ್ನ ಮನೆಗೆ ತರಬೇಡ ಕಣೋ’ ಎನ್ನುತ್ತಿದ್ದರು. ನಾವು ಮಕ್ಕಳು ಅದನ್ನು ಅವರ ಒಣ ಮಡಿವಂತಿಕೆ ಎಂದು ತಿಳಿದು ನಗುತ್ತಿದ್ದೆವು.

ಮಾರಿದವನು ಅಮೆರಿಕದಲ್ಲಿ ನಾನಿರುವ ರಾಜ್ಯದವನೇ, ಇಲ್ಲಿಂದ ಎರಡು ಗಂಟೆಯ ದಾರಿ. ಅವನು ಹೇಳಿದ ಕತೆ ಹೀಗಿತ್ತು: ತೀರಿಕೊಂಡ ಅಣ್ಣ ಎಪ್ಪತ್ತರ ದಶಕದಲ್ಲಿ ತಂಡದ ಬಳಗಕ್ಕೆ ಹತ್ತಿರದವನಾಗಿದ್ದ, ತಂಡದ ಧ್ವನಿಮುದ್ರಣ ತಂತ್ರಜ್ಞೆ ಬೆಟ್ಟಿ ಕ್ಯಾಂಟರ್-ಜ್ಯಾಕ್ಸನ್ ಅವರ ಮೂಲ ರೀಲುಗಳಿಂದಲೇ ನೇರವಾಗಿ ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದ, ಈಗ ಮನೆ ಖಾಲಿ ಮಾಡಬೇಕಾಗಿದೆ. ಬೆಟ್ಟಿಯವರ ಹೆಸರು ಕೇಳಿದೊಡನೆ ಈ ಲೋಕದವರ ವಿವೇಕ ಅರ್ಧ ಕಳೆದುಹೋಗುತ್ತದೆ. ವೇದಿಕೆಯ ಮೈಕುಗಳೆಲ್ಲ ಬಂದು ಸೇರುವ ಧ್ವನಿಫಲಕದಿಂದ (ಸೌಂಡ್‌ಬೋರ್ಡ್) ಅವರು ಮುದ್ರಿಸಿದ ರೀಲುಗಳು ಅಷ್ಟು ಸ್ವಚ್ಛ, ಅಷ್ಟು ಸಮತೂಕ. ಆ ರೀಲುಗಳನ್ನಿಟ್ಟಿದ್ದ ಬಾಡಿಗೆ ಗೋದಾಮಿನ ಹಣ ಕಟ್ಟಲಾಗದೆ 1986ರಲ್ಲಿ ಅವು ಹರಾಜಾದವು. ಕೊಂಡವರ ಕೈಯಿಂದ ಪ್ರತಿಗಳು ಹೊರಟು ಅಭಿಮಾನಿಗಳ ನಡುವೆ ಹರಡಿದವು. ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಸಭಾಂಗಣದಲ್ಲಿ 1977ರ ಮೇ 8ರಂದು ನಡೆದ ಕಛೇರಿ ಅಷ್ಟು ಪ್ರಸಿದ್ಧವಾದದ್ದು ಅವರ ಟೇಪಿನಿಂದಲೇ. ಅದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೂ ಸೇರಿದೆ. ಹರಾಜಿಗೂ ಮೊದಲಿನ, ಮೂಲದಿಂದ ಒಂದೇ ಮೆಟ್ಟಿಲು ಕೆಳಗಿನ ಪ್ರತಿ ಎಂದರೆ ಬೆಲೆ ಕೇಳುವ ಮಾತೇ ಇಲ್ಲ. ನಿಜವಾದ ಇತಿಹಾಸದ ನಡುವಿನ ಸಣ್ಣ ಸಂದಿಯಲ್ಲಿ ಅವನು ತನ್ನ ಅಣ್ಣನನ್ನು ಕೂರಿಸಿದ್ದ. ಸುಳ್ಳು ಅಲ್ಲಿ ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಅದನ್ನು ಅಲುಗಿಸಿ ನೋಡಬೇಕೆಂದು ನನಗೆ ಅನಿಸಲೇ ಇಲ್ಲ.

ಜೊತೆಗೆ ಕೊಟ್ಟ ಹಾರ್ಡ್ ಡಿಸ್ಕಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಛೇರಿಗಳು ವರ್ಷವಾರು ಜೋಡಿಸಿದ್ದವು, ಎಲ್ಲವೂ ಫ್ಲ್ಯಾಕ್ ಕಡತಗಳು. ಫ್ಲ್ಯಾಕ್ ಎಂದರೆ ಧ್ವನಿಯ ಒಂದು ಕಣವನ್ನೂ ಕಳೆಯದೆ ಒತ್ತಿ ಮಡಿಸುವ ವಿಧಾನ. ಎಂಪಿ3 ಹಾಗಲ್ಲ, ಅದು ಕಿವಿಗೆ ತಿಳಿಯಲಾರದೆಂದು ತಾನು ಲೆಕ್ಕ ಹಾಕಿದ್ದನ್ನೆಲ್ಲ ಎಸೆದು ಗಾತ್ರ ಇಳಿಸುತ್ತದೆ. ಎಸೆದದ್ದು ಮತ್ತೆ ಬರುವುದಿಲ್ಲ. ಆದರೆ ಎಂಪಿ3 ಕಡತವನ್ನು ಬಿಚ್ಚಿ ಫ್ಲ್ಯಾಕ್ ಹೆಸರಿನಲ್ಲಿ ಮತ್ತೆ ಕಟ್ಟಲು ಯಾವ ಅಡ್ಡಿಯೂ ಇಲ್ಲ. ನೀರು ಬೆರೆಸಿದ ಹಾಲನ್ನು ಬೆಳ್ಳಿ ಚೊಂಬಿಗೆ ಸುರಿದಂತೆ, ಕೈಗೆ ಸಿಗುವುದು ಚೊಂಬಿನ ತೂಕ ಮಾತ್ರ.

ಎರಡು ವಾರ ಸಂಭ್ರಮ. ವಾರಾಂತ್ಯದಲ್ಲಿ ಸೇರುವ ನಮ್ಮ ಕನ್ನಡದ ಗೆಳೆಯರ ಬಳಗದಲ್ಲಿ ಇಬ್ಬರಿಗೆ, ಕೆಲಸದ ಜಾಗದಲ್ಲಿ ನಾಲ್ವರಿಗೆ, ಹಳೆಯ ಪರಿಚಯದ ಟೇಪರ್‌ಗಳಲ್ಲಿ ಐವರಿಗೆ, 1977ರ ವಸಂತದ ಕಛೇರಿಗಳನ್ನು ನಾನೇ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿ ಕಳಿಸಿದೆ. ಪ್ರತಿಯೊಂದರ ಜೊತೆಗೂ ಮೂಲ ವಿವರವೆಂದು ಮಾರಿದವನ ಕತೆಯನ್ನೇ ಬರೆದಿಟ್ಟೆ. ಬಳಗದ ಕಿರಿಯ ಹುಡುಗನೊಬ್ಬ ಡಿಸ್ಕಿನಿಂದಲೂ ಕೆಲವು ಕಛೇರಿಗಳನ್ನು ನಕಲು ಮಾಡಿಕೊಂಡು ಹೋಗಿದ್ದ. ಮೊದಲು ತಡೆದು ಕೇಳಿದವನು ಅವನೇ. ‘ಸರ್, ಇದರಲ್ಲಿ ಯಾವ ಕಛೇರಿ ಜೊತೆಗೂ ಟೆಕ್ಸ್ಟ್ ಫೈಲ್ ಇಲ್ವಲ್ಲ? ಎಲ್ಲಿಂದ ಬಂದದ್ದು ಅಂತ ಹೇಗೆ ಗೊತ್ತಾಗುತ್ತೆ?’ ಎಂದ. ನನಗೆ ತಕ್ಷಣ ನೆನಪಾದದ್ದು ಗೋದ್ರೆಜ್ ಬೀರು.

ಈ ಲೋಕದಲ್ಲಿ ಸರಿಯಾಗಿ ಹಂಚಲಾದ ಪ್ರತಿ ಕಛೇರಿಯ ಜೊತೆಗೂ ಒಂದು ಸಣ್ಣ ಪಠ್ಯ ಕಡತ ಇರುತ್ತದೆ. ಧ್ವನಿಫಲಕದಿಂದ ಬಂದದ್ದೋ ಸಭೆಯ ಮೈಕಿನಿಂದ ಬಂದದ್ದೋ, ರೀಲಿನಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಡ್ಯಾಟ್ ಎಂಬ ಡಿಜಿಟಲ್ ಟೇಪಿಗೆ, ಅಲ್ಲಿಂದ ಕಂಪ್ಯೂಟರಿಗೆ ಹೇಗೆ ಇಳಿಯಿತು, ಯಾವ ಹಾಡಿನ ನಡುವೆ ಟೇಪು ಮುಗಿದು ತಿರುಗಿಸಬೇಕಾಯಿತು ಎಂಬುದೆಲ್ಲ ಅದರಲ್ಲಿರುತ್ತದೆ. ಡಿಸ್ಕಿನಲ್ಲಿ ಆ ಕಡತಗಳನ್ನು ಅಳಿಸಲಾಗಿತ್ತು. ಕಡತಗಳ ಸಾಚಾತನ ಪರೀಕ್ಷಿಸುವ ಎಂಡಿ5 ಸಂಖ್ಯೆಗಳ ಪಟ್ಟಿ ಮಾತ್ರ ಇತ್ತು, ಮತ್ತು ನಾನು ಅದನ್ನು ಓಡಿಸಿ ಎಲ್ಲ ಸರಿಯಿದೆ ಎಂದು ನೆಮ್ಮದಿಯಾಗಿದ್ದೆ. ಆ ಪಟ್ಟಿ ಹೇಳುವುದು ಪಟ್ಟಿ ಮಾಡಿದ ದಿನದಿಂದ ಕಡತ ಬದಲಾಗಿಲ್ಲ ಎಂಬುದನ್ನಷ್ಟೇ; ಕೆಡಿಸಿದ ಮೇಲೆ ಪಟ್ಟಿ ಮಾಡಿದ್ದರೆ ಕೆಟ್ಟದ್ದಕ್ಕೂ ಅದು ಸರಿ ಎಂದೇ ಮುದ್ರೆ ಒತ್ತುತ್ತದೆ. ಇಂಥ ಮುದ್ರಣಗಳನ್ನು ಇಂಟರ್ನೆಟ್ಟಿನಲ್ಲಿ ಹಂಚಿಕೊಳ್ಳುವ ಇ-ಟ್ರೀ ಬಳಗದವರು ವರ್ಷಗಳಿಂದ ಕಾಪಾಡಿಕೊಂಡು ಬಂದಿರುವ ಸಾರ್ವಜನಿಕ ದಾಖಲೆಯೊಡನೆ ಹೋಲಿಸಬೇಕಾಗಿತ್ತು. ಹೋಲಿಸಿದಾಗ, ನಾನು ನೋಡಿದ ನಲವತ್ತು ಕಛೇರಿಗಳಲ್ಲಿ ಒಂದೂ ತಾಳೆಯಾಗಲಿಲ್ಲ.

ಆಮೇಲೆ ಅಡಾಸಿಟಿ ತಂತ್ರಾಂಶದಲ್ಲಿ ಧ್ವನಿಯ ವರ್ಣಪಟಲ, ಅಂದರೆ ಯಾವ ಕಂಪನಾಂಕದಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಚಿತ್ರ, ತೆರೆದು ನೋಡಿದೆ. ಸುಮಾರು 16 ಕಿಲೋಹರ್ಟ್ಸ್‌ನ ಮೇಲೆ ಎಲ್ಲವೂ ಕಪ್ಪು, ಗೋಡೆ ಕಟ್ಟಿ ಸುಣ್ಣ ಬಳಿದಂತೆ ನೇರವಾದ ಅಂಚು. ಕಡಿಮೆ ಬಿಟ್ ದರದ ಎಂಪಿ3 ಬಿಟ್ಟುಹೋಗುವ ಗುರುತು ಇದು. ಇಲ್ಲಿ ಆತುರ ಪಡಬಾರದು, ಏಕೆಂದರೆ ಪ್ರಾಮಾಣಿಕವಾದ ಮುದ್ರಣಗಳಲ್ಲೂ ಇಂಥ ಅಂಚು ಬರಬಹುದು. ಎಫ್‌ಎಂ ರೇಡಿಯೋ ಪ್ರಸಾರದಲ್ಲಿ 15 ಕಿಲೋಹರ್ಟ್ಸ್‌ನ ಆಚೆಗೆ ಸಂಗೀತ ಇರುವುದೇ ಇಲ್ಲ. ಡ್ಯಾಟ್ ಯಂತ್ರವನ್ನು ಟೇಪು ಉಳಿಸಲೆಂದು ದೀರ್ಘ ಮುದ್ರಣದ 32 ಕಿಲೋಹರ್ಟ್ಸ್ ಮಾದರಿಯಲ್ಲಿ ಓಡಿಸಿದ್ದರೆ, ಅದರ ಅರ್ಧವಾದ 16ಕ್ಕಿಂತ ಮೇಲಿನದನ್ನು ಅದು ಹಿಡಿಯಲಾರದು. ಹಳೆಯ ಕ್ಯಾಸೆಟ್ಟಿನಲ್ಲಿ ಮೇಲಿನ ಸ್ವರಗಳು ಕ್ಷೀಣವೇ, ಆದರೆ ಅಲ್ಲಿ ಬೆಳಕು ಸಂಜೆಯಂತೆ ಮೆಲ್ಲಗೆ ಆರುತ್ತದೆ, ಸ್ವಿಚ್ಚು ಒತ್ತಿದಂತೆ ಆರುವುದಿಲ್ಲ. ಎರಡು ದಿನ ನಾನು ಈ ವಿನಾಯಿತಿಗಳನ್ನೆಲ್ಲ ಮಾರಿದವನ ಪರವಾಗಿ ನನ್ನೊಳಗೇ ವಾದಿಸಿಕೊಂಡೆ. ಆದರೆ 1969ರ ರೀಲು, 1977ರ ಧ್ವನಿಫಲಕ, 1990ರ ಡಿಜಿಟಲ್ ಮುದ್ರಣ ಮೂರೂ ಒಂದೇ ಗೆರೆಯಲ್ಲಿ ಕತ್ತರಿಸಿ ನಿಂತಿದ್ದವು. ಇಪ್ಪತ್ತು ವರ್ಷಗಳ ಅಂತರದ ಮೂರು ಬಗೆಯ ಯಂತ್ರಗಳು ಹೀಗೆ ಒಪ್ಪಂದ ಮಾಡಿಕೊಂಡಿರಲು ಸಾಧ್ಯವಿಲ್ಲ.

ಕ್ಯಾಸೆಟ್ಟುಗಳಾದರೂ ನಿಜವಿರಲಿ ಎಂಬ ಆಸೆ ಉಳಿದಿತ್ತು. ಹಳೆಯ ಟೇಪುಗಳೇ ಹೌದು, ಹೆಸರು ಪಟ್ಟಿಯ ಕಾಗದಗಳೂ ಹಳದಿಯಾಗಿದ್ದವು. ಒಳಗಿನ ಸಂಗೀತ ಮಾತ್ರ ಹೊಸದಾಗಿ ತುಂಬಿದ್ದು. ಕಾರ್ನೆಲ್ ಕಛೇರಿಯ ಕ್ಯಾಸೆಟ್ಟನ್ನು 2017ರ ಮೇ ತಿಂಗಳಲ್ಲಿ ಅಧಿಕೃತವಾಗಿ ಹೊರಬಂದ ಆವೃತ್ತಿಯ ಪಕ್ಕದಲ್ಲಿಟ್ಟು ಕೇಳಿದಾಗ, ಹಾಡುಗಳ ನಡುವೆ ಸಭೆಯ ಗದ್ದಲ ಏರುವ, ಇಳಿಸಿ ಮುಚ್ಚುವ ಜಾಗಗಳು ಕ್ಷಣಕ್ಕೆ ಕ್ಷಣ ಹೊಂದಿಕೊಂಡವು. ಅಷ್ಟಾದರೂ ಪೂರ್ತಿ ನಂಬಿಕೆ ಬಾರದೆ ಉಳಿದ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಹೆಡ್‌ಫೋನು ಹಾಕಿ ಕೇಳುತ್ತ ಹೋದೆ. ‘1978’ ಎಂದು ನೀಲಿ ಶಾಯಿಯಲ್ಲಿ ಬರೆದಿದ್ದ ಒಂದರಲ್ಲಿ, ಗಿಟಾರು ಬಹಳ ಮೆಲ್ಲಗೆ ನುಡಿಯುತ್ತಿದ್ದ ಒಂದು ಕಡೆ, ಕಂಪ್ಯೂಟರಿಗೆ ಸಂದೇಶ ಬಂದಾಗ ಕೇಳಿಸುವ ‘ಟಿಣ್’ ಎಂಬ ಸದ್ದು ಬಂತು. ಹಿಂದಕ್ಕೆ ತಿರುಗಿಸಿ ಮೂರು ಸಲ ಕೇಳಿದೆ. ಯಾರೋ ಇಂಟರ್ನೆಟ್ಟಿನಲ್ಲಿ ಹಾಡು ಓಡಿಸಿ ಕ್ಯಾಸೆಟ್ಟಿಗೆ ಇಳಿಸುತ್ತಿದ್ದಾಗ, ಅವನಿಗೊಂದು ಮಿಂಚಂಚೆ ಬಂದಿತ್ತು. ನಗು ಬಂತೆಂದೇ ಹೇಳಬೇಕು.

ಮಾರಿದವನಿಗೆ ಬರೆದೆ. ಅಣ್ಣ ಏನು ಮಾಡಿದ್ದನೋ ತನಗೆ ತಿಳಿಯದು ಎಂದು ಒಂದು ಸಾಲಿನ ಉತ್ತರ ಬಂತು, ಆಮೇಲೆ ಅದೂ ಇಲ್ಲ. ಹಣವನ್ನು ಖರೀದಿಯ ಪಾವತಿಯಾಗಿ ಅಲ್ಲ, ಗೆಳೆಯರಿಗೆ, ಮನೆಯವರಿಗೆ ಕಳಿಸುವ ಬಗೆಯಲ್ಲಿ ಕಳಿಸಿದ್ದರಿಂದ ಮರಳಿ ಕೇಳಲು ದಾರಿ ಇರಲಿಲ್ಲ. ಆ ಬಗೆಯಲ್ಲೇ ಕಳಿಸಿ, ಶುಲ್ಕ ಉಳಿಯುತ್ತದೆ ಎಂದು ಒತ್ತಾಯಿಸಿದ್ದವನು ಅವನೇ. ಮಾರಲೇಬಾರದ ವಸ್ತುವನ್ನು ಕೊಂಡವನು ಯಾರ ಮುಂದೆ ದೂರು ಕೊಡಬೇಕು? ಇಂಥವರು ಧೈರ್ಯವಾಗಿರುವುದು ನಮ್ಮ ಈ ಸಂಕೋಚವನ್ನು ನಂಬಿಕೊಂಡೇ.

ಇನ್ನೊಂದು ಮಾತು, ಏಕೆಂದರೆ ಮಾರುವವರು ಇದನ್ನೂ ಬಳಸಿಕೊಳ್ಳುತ್ತಾರೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಈ ತಂಡದ ಸಾವಿರಾರು ಮುದ್ರಣಗಳು ಉಚಿತವಾಗಿ ಇವೆ. 2005ರ ನವೆಂಬರಿನಲ್ಲಿ ಅಲ್ಲಿನ ಮುದ್ರಣಗಳನ್ನು ಇಳಿಸಿಕೊಳ್ಳುವ ಸೌಲಭ್ಯ ನಿಂತಿತು. ಅಭಿಮಾನಿಗಳ ಪ್ರತಿಭಟನೆಯ ನಂತರ ಸಭೆಯಿಂದ ಮಾಡಿದ ಮುದ್ರಣಗಳು ಇಳಿಸಿಕೊಳ್ಳಲು ಮತ್ತೆ ಸಿಕ್ಕವು; ಧ್ವನಿಫಲಕದ ಮುದ್ರಣಗಳನ್ನು ಅಲ್ಲಿಯೇ ಕೇಳುವುದಕ್ಕೆ ಮಾತ್ರ ಅವಕಾಶ ಉಳಿಯಿತು. ‘ಧ್ವನಿಫಲಕದ್ದು ಈಗ ಎಲ್ಲೂ ಸಿಗುವುದಿಲ್ಲ, ನನ್ನಲ್ಲಿದೆ’ ಎಂಬ ಮಾತಿಗೆ ಬೆಲೆ ಬಂದದ್ದು ಆ ಸಣ್ಣ ಕೊರತೆಯಿಂದ. ಅಂಥವರು ಸಿಕ್ಕಾಗ ಹಣದ ಮಾತಿಗೆ ಮೊದಲು ಒಂದೇ ಒಂದು ಕಛೇರಿಯ ಪಠ್ಯ ಕಡತವನ್ನೂ, ಒಂದೇ ಒಂದು ಹಾಡಿನ ಮೂಲ ಕಡತವನ್ನೂ ಕಳಿಸಲು ಕೇಳಿ. ನಿಜವಾದ ಟೇಪರ್ ಆದರೆ ನೀವು ಸಾಕೆನ್ನುವವರೆಗೂ ವಿವರ ಹೇಳುತ್ತಾನೆ. ಯಾವ ಮೈಕು, ಎಷ್ಟನೇ ಸಾಲು, ಮಳೆ ಬಂದಿತ್ತೇ ಎಂಬುದನ್ನೂ ಬಿಡುವುದಿಲ್ಲ. ಅಷ್ಟೇ ಅಲ್ಲ, ಅಂಥವನು ಸಾಮಾನ್ಯವಾಗಿ ಹಣವನ್ನೇ ಕೇಳುವುದಿಲ್ಲ. ನನ್ನ ವ್ಯಾಪಾರದಲ್ಲಿ ಹೇರಳವಾಗಿದ್ದದ್ದು ಅಣ್ಣನ ವಿವರ ಮಾತ್ರ.

ಡಿಸ್ಕನ್ನು ಪೂರ್ತಿ ಅಳಿಸಿದ್ದೇನೆ. ಹಂಚಿದ ಹನ್ನೊಂದು ಮಂದಿಗೂ ಒಬ್ಬೊಬ್ಬರಿಗೇ ಬರೆದು ತಪ್ಪು ಒಪ್ಪಿಕೊಂಡೆ. ಟೇಪರ್‌ಗಳಲ್ಲಿ ಹಿರಿಯರೊಬ್ಬರು ಆ ವೇಳೆಗೆ ತಮ್ಮ ಬಳಿ ಇದ್ದ ಒಳ್ಳೆಯ ಪ್ರತಿಯನ್ನು ತೆಗೆದು ನನ್ನದನ್ನು ಇಟ್ಟುಕೊಂಡಿದ್ದರು. ಅವರು ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಹತ್ತು ಮಂದಿ ಅಳಿಸಿದ್ದಾಗಿ ತಿಳಿಸಿದ್ದಾರೆ. ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿರುವ ಒಬ್ಬರಿಂದ ಈವರೆಗೆ ಉತ್ತರವಿಲ್ಲ, ಮತ್ತು ಅವರು ಇನ್ನಷ್ಟು ಜನಕ್ಕೆ ಕೊಟ್ಟಿರಬಹುದು. ಆದ್ದರಿಂದ, 1977ರ ಏಪ್ರಿಲ್ ಮತ್ತು ಮೇ ತಿಂಗಳ ಕಛೇರಿಗಳು ನಿಮ್ಮ ಕೈಗೆ ಬಂದು, ಜೊತೆಗಿನ ಪಠ್ಯ ಕಡತದಲ್ಲಿ ‘ಬೆಟ್ಟಿಯವರ ಮೂಲ ರೀಲಿನಿಂದ ನೇರ ಕ್ಯಾಸೆಟ್ಟಿಗೆ, ಹರಾಜಿಗೆ ಮೊದಲು, ತೀರಿಕೊಂಡ ಅಣ್ಣನ ಸಂಗ್ರಹ’ ಎಂಬ ಅರ್ಥದ ಇಂಗ್ಲಿಷ್ ಸಾಲು ಕಂಡರೆ ಅದನ್ನು ಬರೆದವನು ನಾನು. ಆ ಸಾಲು ಸುಳ್ಳು. ದಯವಿಟ್ಟು ಅಳಿಸಿಬಿಡಿ, ಮತ್ತು ನಿಮಗೆ ಕೊಟ್ಟವರಿಗೂ ತಿಳಿಸಿ.