ಹಿಮ್ಮಡಿ ನೋವಿನೊಂದಿಗೆ 113 ಕಿಲೋಮೀಟರ್: ಬಳ್ಳಾರಿಯ ಒಂದು ಫಿಸಿಯೋಥೆರಪಿ ಕೇಂದ್ರದ ಬಗ್ಗೆ

ಎಡಗಾಲಿನ ಹಿಮ್ಮಡಿಯ ಮೇಲಿನ ನರ ಬಿಗಿದುಕೊಂಡು, ಬೆಳಗ್ಗೆ ಹಾಸಿಗೆಯಿಂದ ಎದ್ದವನು ಗೋಡೆ ಹಿಡಿದುಕೊಂಡೇ ಬಚ್ಚಲಿಗೆ ಹೋಗಬೇಕಾದ ಸ್ಥಿತಿಯಲ್ಲಿದ್ದಾಗ ನಾನು ಬಳ್ಳಾರಿಯ ಈ ಸಣ್ಣ ಫಿಸಿಯೋಥೆರಪಿ ಕೇಂದ್ರಕ್ಕೆ ಹೋದೆ. ಅದು ಜೂನ್ ಮೊದಲ ವಾರ. ಗೋವಾದ ಐರನ್‌ಮ್ಯಾನ್ 70.3 ಸ್ಪರ್ಧೆಗೆ ಹಣ ಕಟ್ಟಿ ಆಗಿತ್ತು, ಉಳಿದಿದ್ದದ್ದು ಇಪ್ಪತ್ತು ವಾರ. ಪಣಜಿಯ ಮಿರಾಮಾರ್ ಕಡಲತೀರದಲ್ಲಿ 2019ರಲ್ಲಿ ಆರಂಭವಾದ ಈ ಸ್ಪರ್ಧೆಯಲ್ಲಿ ಸಮುದ್ರದಲ್ಲಿ 1.9 ಕಿಲೋಮೀಟರ್ ಈಜಿ, 90 ಕಿಲೋಮೀಟರ್ ಸೈಕಲ್ ತುಳಿದು, ಕೊನೆಗೆ 21.1 ಕಿಲೋಮೀಟರ್ ಓಡಬೇಕು. ಇವೆಲ್ಲವೂ ಎಂಟೂವರೆ ಗಂಟೆಯೊಳಗೆ ಮುಗಿಯಬೇಕು. ನನಗೆ 43 ವರ್ಷ, ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ, ಇಷ್ಟು ದೂರದ ಟ್ರಯಥ್ಲಾನ್ ನನಗೆ ಇದೇ ಮೊದಲು. ಆ ಸ್ಪರ್ಧೆಯನ್ನು ನಾನು ಪೂರೈಸಿದ್ದರಲ್ಲಿ ಈ ಕೇಂದ್ರದ ಪಾಲು ದೊಡ್ಡದು. ನಮ್ಮ ಭಾಗದಲ್ಲಿ ಓಡುವವರೂ ಸೈಕಲ್ ತುಳಿಯುವವರೂ ಈಗ ಹೆಚ್ಚಾಗಿರುವುದರಿಂದ, ಅಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನೋವು ಬಂದದ್ದು ನನ್ನ ಅವಸರದಿಂದಲೇ. ಮೇ ತಿಂಗಳಲ್ಲಿ, ಬಿಸಿಲು ಏರುವ ಮೊದಲೇ ಮುಗಿಸಬೇಕೆಂದು, ಬೆಳಗಿನ ಐದಕ್ಕೆಲ್ಲ ಕೋಟೆ ಗುಡ್ಡದ ಮೆಟ್ಟಿಲುಗಳನ್ನು ವಾರಕ್ಕೆ ನಾಲ್ಕು ಸಲ ಹತ್ತಿಳಿಯತೊಡಗಿದ್ದೆ. ಅದಕ್ಕೂ ಮೊದಲು ವಾರಕ್ಕೆ ಒಂದು ಸಲವೂ ಹತ್ತುತ್ತಿರಲಿಲ್ಲ. ಮೂರನೆಯ ವಾರಕ್ಕೆ ಹಿಮ್ಮಡಿಗಿಂತ ನಾಲ್ಕು ಬೆರಳು ಮೇಲೆ, ಅಕಿಲಿಸ್ ಟೆಂಡನ್ ಎಂದು ಕರೆಯುವ ದಪ್ಪ ನರದಲ್ಲಿ (ಆಡುಮಾತಿನಲ್ಲಿ ನರ ಎಂದರೂ ಇದು ಮೀನಖಂಡವನ್ನು ಹಿಮ್ಮಡಿಯ ಎಲುಬಿಗೆ ಜೋಡಿಸುವ ಸ್ನಾಯುರಜ್ಜು) ಚುಚ್ಚಿದಂತಾಗತೊಡಗಿತು. ಮೊದಲು ಹೋದ ಬೇರೊಂದು ಕಡೆ ಹತ್ತು ದಿನ ಶಾಖ ಕೊಟ್ಟು, ಅಲ್ಟ್ರಾಸೌಂಡ್ ಯಂತ್ರ ಹಿಡಿದು, ಓಟವನ್ನು ಪೂರ್ತಿ ಬಿಡುವಂತೆ ಹೇಳಿದರು. ಹತ್ತು ದಿನ ನೋವು ಕಡಿಮೆಯಾಯಿತು. ಹನ್ನೊಂದನೆಯ ದಿನ ಎರಡು ಕಿಲೋಮೀಟರ್ ಓಡಿದಾಗ ಎಲ್ಲವೂ ಮೊದಲಿನಂತೆಯೇ ಆಯಿತು.

ಈ ಕೇಂದ್ರದಲ್ಲಿ ಮೊದಲ ಭೇಟಿಗೆ ಅವರು ತೆಗೆದುಕೊಂಡದ್ದು ಪೂರ್ತಿ ಒಂದು ಗಂಟೆ. ಥೆರಪಿಸ್ಟ್ ಮೇಡಂ ನನ್ನನ್ನು ಬೋರಲು ಮಲಗಿಸಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಆ ನರವನ್ನು ಹಿಡಿದು, ಮೀನಖಂಡದ ಕಡೆಯಿಂದ ಹಿಮ್ಮಡಿಯ ಕಡೆಗೆ ಸ್ವಲ್ಪ ಸ್ವಲ್ಪವೇ ಜಾರಿಸಿಕೊಂಡು ಬಂದರು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ನರ ಕಡಲೆಕಾಳಿನಷ್ಟು ಉಬ್ಬಿತ್ತು. ನನ್ನ ಕೈಯನ್ನೇ ತೆಗೆದುಕೊಂಡು ಅದನ್ನು ಮುಟ್ಟಿಸಿ, ಆಮೇಲೆ ಬಲಗಾಲಿನಲ್ಲಿ ಅದೇ ಜಾಗವನ್ನು ಮುಟ್ಟಿಸಿದರು. ಬಳಿಕ ಒಂದೇ ಕಾಲಿನ ಮೇಲೆ ನಿಂತು ಹಿಮ್ಮಡಿ ಎತ್ತಿ ಇಳಿಸುವ ಪರೀಕ್ಷೆ: ಬಲಗಾಲಿನಲ್ಲಿ 26, ಎಡಗಾಲಿನಲ್ಲಿ 9. ದಿನಕ್ಕೆ ಎಷ್ಟು ಹೊತ್ತು ನಿಂತು ಪಾಠ ಮಾಡುತ್ತೇನೆ, ಮನೆಯಲ್ಲಿ ಯಾವ ಚಪ್ಪಲಿ ಹಾಕುತ್ತೇನೆ, ಇತ್ತೀಚೆಗೆ ಜ್ವರಕ್ಕೋ ಹೊಟ್ಟೆನೋವಿಗೋ ಸಿಪ್ರೋಫ್ಲಾಕ್ಸಾಸಿನ್ ಮಾತ್ರೆ ನುಂಗಿದ್ದೇನೆಯೇ ಎಂದೂ ವಿಚಾರಿಸಿದರು. ಆ ಗುಂಪಿನ ಆಂಟಿಬಯೋಟಿಕ್‌ಗಳು ಕೆಲವರಲ್ಲಿ ಇದೇ ನರವನ್ನು ದುರ್ಬಲಗೊಳಿಸುತ್ತವೆ ಎಂಬುದು ನನಗೆ ಆ ದಿನವೇ ತಿಳಿದದ್ದು. ಆ ಒಂದು ಪ್ರಶ್ನೆಯಿಂದಲೇ ಇವರ ಮೇಲೆ ನನಗೆ ನಂಬಿಕೆ ಬಂತು.

ಆಮೇಲೆ ಅವರು ಹೇಳಿದ ಮಾತು ಹೀಗಿತ್ತು: "ಸರ್, ಪೂರ್ತಿ ರೆಸ್ಟ್ ಮಾಡ್ರಿ ಅಂತ ನಾನು ಹೇಳಂಗಿಲ್ಲ. ರೆಸ್ಟ್ ಮಾಡಿದ್ರ ನೋವು ಹೋಗ್ತೈತಿ, ಆದ್ರ ನರಕ್ಕ ಶಕ್ತಿ ಬರಂಗಿಲ್ಲ. ಮತ್ತ ಓಡಿದ ದಿನ ಮತ್ತ ಅದೇ ನೋವು."

ಚಿಕಿತ್ಸೆಯ ಮುಖ್ಯ ಭಾಗಕ್ಕೆ ಯಂತ್ರವೇ ಬೇಕಿಲ್ಲ, ಮನೆಯ ಮುಂದಿನ ಮೆಟ್ಟಿಲು ಸಾಕು. ಸ್ವೀಡನ್ನಿನ ವೈದ್ಯ ಹಾಕನ್ ಆಲ್ಫ್ರೆಡ್‌ಸನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಕ್ರಮ ಇದು: ಮೆಟ್ಟಿಲಿನ ಅಂಚಿನ ಮೇಲೆ ಪಾದದ ಮುಂಭಾಗವನ್ನು ಮಾತ್ರ ಊರಿ, ಎರಡೂ ಕಾಲಿನಿಂದ ಮೇಲೆದ್ದು, ನೋವಿರುವ ಒಂದೇ ಕಾಲಿನ ಮೇಲೆ ಭಾರ ಬಿಟ್ಟು, ಹಿಮ್ಮಡಿಯನ್ನು ಮೆಟ್ಟಿಲಿನ ಮಟ್ಟಕ್ಕಿಂತ ಕೆಳಗೆ ನಿಧಾನವಾಗಿ ಇಳಿಸಬೇಕು. ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸುತ್ತು, ಮಂಡಿ ಬಾಗಿಸಿ ಮತ್ತೆ ಮೂರು ಸುತ್ತು, ದಿನಕ್ಕೆ ಎರಡು ಹೊತ್ತು. ಅಂದರೆ ದಿನಕ್ಕೆ 180 ಸಲ, ಒಂದು ದಿನವೂ ಬಿಡದೆ ಹನ್ನೆರಡು ವಾರ. ನೋವು ಹಿಮ್ಮಡಿಯ ಎಲುಬಿಗೆ ನರ ಅಂಟಿಕೊಳ್ಳುವ ಜಾಗದಲ್ಲೇ ಇದ್ದರೆ ಮೆಟ್ಟಿಲಿಗಿಂತ ಕೆಳಗೆ ಇಳಿಸಬಾರದು ಎಂದು ಅವರು ಎಚ್ಚರಿಸಿದ್ದರಿಂದ, ಇದನ್ನು ಓದಿದವರು ತಪಾಸಣೆ ಮಾಡಿಸಿಕೊಳ್ಳದೆ ಆರಂಭಿಸಬೇಡಿ ಎಂದು ನಾನೂ ಕೇಳಿಕೊಳ್ಳುತ್ತೇನೆ. ಐದನೆಯ ವಾರದಿಂದ ಬೆನ್ನಿಗೆ ಭಾರ ಸೇರಿಸಿದರು. ಮನೆಯಲ್ಲಿ ಇದ್ದದ್ದು ಜೋಳ. ಶಾಲೆಯ ಬ್ಯಾಗಿನಲ್ಲಿ ಮೊದಲು ಐದು ಕಿಲೋ, ಆಮೇಲೆ ಹತ್ತು ಕಿಲೋ ಜೋಳ ತುಂಬಿಕೊಂಡು ಮೆಟ್ಟಿಲಿನ ಅಂಚಿನಲ್ಲಿ ನಿಲ್ಲುತ್ತಿದ್ದೆ. ಹಿಮ್ಮಡಿ ಕೆಳಗಿಳಿಯುವಾಗ ನರ ಹಗ್ಗದಂತೆ ಬಿಗಿಯುವುದು ಚೆನ್ನಾಗಿ ತಿಳಿಯುತ್ತಿತ್ತು.

ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ನೋವನ್ನು ಅಳೆಯಲು ಅವರು ಕಲಿಸಿದ ರೀತಿ. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ವ್ಯಾಯಾಮದ ವೇಳೆ ಐದರವರೆಗೆ ನೋವು ಬಂದರೆ ಚಿಂತೆಯಿಲ್ಲ. ಆದರೆ ಮರುದಿನ ಬೆಳಗ್ಗೆ ಮೊದಲ ಹೆಜ್ಜೆ ಇಡುವಾಗ ಹಿಂದಿನ ದಿನಕ್ಕಿಂತ ಹೆಚ್ಚು ಬಿಗಿತವಿದ್ದರೆ ಆ ದಿನದ ಓಟವನ್ನು ಇಳಿಸಬೇಕು. ಇಪ್ಪತ್ತು ವಾರ, ಅಂದರೆ 140 ದಿನ, ಹಳೆಯ ನೋಟ್‌ಬುಕ್ಕಿನಲ್ಲಿ ಬೆಳಗಿನ ಅಂಕಿಯನ್ನು ಬರೆದಿಟ್ಟೆ. ಪ್ರತಿ ಭೇಟಿಯಲ್ಲೂ ಮೇಡಂ ಮೊದಲು ಆ ನೋಟ್‌ಬುಕ್ ನೋಡಿ, ಆಮೇಲೆ ಕಾಲು ನೋಡುತ್ತಿದ್ದರು. ಅಂಕಿ ಎರಡು ದಿನ ಸತತವಾಗಿ ಏರಿದಲ್ಲೆಲ್ಲ, ಅದರ ಹಿಂದಿನ ದಿನ ಏನಾಗಿತ್ತು ಎಂದು ಬಿಡದೆ ಕೇಳುತ್ತಿದ್ದರು. ಒಮ್ಮೆ ಅದು ಓಟದಿಂದ ಬಂದದ್ದೇ ಆಗಿರಲಿಲ್ಲ. ಪರೀಕ್ಷಾ ಮೇಲ್ವಿಚಾರಣೆಗೆಂದು ಚಪ್ಪಟೆ ಚಪ್ಪಲಿಯಲ್ಲಿ ಆರು ಗಂಟೆ ನಿಂತದ್ದರಿಂದ ಬಂದಿತ್ತು.

ಮೂರು ಆಟಗಳಿಗೂ ಬೇರೆ ಬೇರೆ ಬದಲಾವಣೆ ಹೇಳಿದರು. ಈಜುಕೊಳದಲ್ಲಿ ಗೋಡೆಯನ್ನು ಒದ್ದು ತಿರುಗುವುದು ಮೀನಖಂಡಕ್ಕೆ ಹೊರೆಯಾಗುತ್ತದೆಂದು ಅದನ್ನು ಬಿಡಿಸಿ, ತೊಡೆಗಳ ನಡುವೆ ಪುಲ್ ಬಾಯ್ (ಕಾಲನ್ನು ತೇಲಿಸುವ ಫೋಮ್ ತುಂಡು) ಇಟ್ಟುಕೊಂಡು ಕೈಬಲದಿಂದ ಈಜುವುದನ್ನು ಹೆಚ್ಚು ಮಾಡಿಸಿದರು. (ತುಂಗಭದ್ರೆಯಲ್ಲಿ ಮೊಸಳೆಗಳಿರುವುದರಿಂದ ಹೊಳೆಯಲ್ಲಿ ಅಭ್ಯಾಸ ಮಾಡುವ ಯೋಚನೆಯನ್ನು ನಾನು ಮೊದಲೇ ಕೈಬಿಟ್ಟಿದ್ದೆ.) ಸೈಕಲ್ಲಿಗೆ ಬಂದರೆ, ಬೂಟನ್ನು ಪೆಡಲ್ಲಿಗೆ ಸಿಕ್ಕಿಸುವ ಅಡಿಯ ಕ್ಲೀಟನ್ನು ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿಸಿದರು, ಇದರಿಂದ ಪೆಡಲ್ ತುಳಿಯುವಾಗ ಹಿಮ್ಮಡಿಯ ನರದ ಮೇಲಿನ ಎಳೆತ ಕಡಿಮೆಯಾಗುತ್ತದೆ. ಏರಿಳಿತವಿಲ್ಲದ ಸಿರುಗುಪ್ಪ ರಸ್ತೆಯಲ್ಲಿ, ಗದ್ದೆಗಳ ನಡುವೆ, ಭಾನುವಾರಗಳಂದು ನಾನು ಇದನ್ನು ಅಭ್ಯಾಸ ಮಾಡಿದೆ. ಓಟದಲ್ಲಿ ಮಾತ್ರ ಅವರು ಕಟ್ಟುನಿಟ್ಟು: ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ, ಗುಡ್ಡದ ಮೆಟ್ಟಿಲು ಸ್ಪರ್ಧೆ ಮುಗಿಯುವವರೆಗೆ ಬೇಡವೇ ಬೇಡ.

ಕೊರತೆಗಳೂ ಇವೆ. ವ್ಯಾಯಾಮದ ಹಾಳೆಗಳು ಇಂಗ್ಲಿಷಿನಲ್ಲಿವೆ; ನನ್ನ ಪಕ್ಕದಲ್ಲಿ ಮಂಡಿನೋವಿಗೆಂದು ಬಂದಿದ್ದ ಕುರುಗೋಡಿನ ಅಜ್ಜಿಯೊಬ್ಬರು ಆ ಹಾಳೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು, "ಇದನ್ನ ಓದಿ ಹೇಳಾಕ ಮೊಮ್ಮಗ ಬರಬೇಕಪ್ಪ" ಎಂದದ್ದು ನನಗೆ ಈಗಲೂ ಬೇಸರ ತರುತ್ತದೆ. ಕನ್ನಡದಲ್ಲಿ ಒಂದು ಪುಟ ಅಚ್ಚು ಮಾಡಿಸುವುದು ಕಷ್ಟದ ಕೆಲಸವಲ್ಲ, ಇದನ್ನು ಅವರಿಗೂ ಹೇಳಿದ್ದೇನೆ. ಸಂಜೆ ಆರರ ನಂತರ ಸಮಯ ಕೊಟ್ಟಿದ್ದರೂ ಮುಕ್ಕಾಲು ಗಂಟೆ ಕಾಯಬೇಕಾಗುತ್ತದೆ. ಎರಡು ಸಲ ಮೇಡಂ ಇಲ್ಲದಾಗ ನನ್ನನ್ನು ನೋಡಿದ ಕಿರಿಯರೊಬ್ಬರು ನೋಟ್‌ಬುಕ್ ತೆರೆಯದೆಯೇ ಮಸಾಜ್ ಮಾಡಿ ಕಳಿಸಿದರು. ಅಷ್ಟೇ ಶುಲ್ಕ ತೆಗೆದುಕೊಂಡದ್ದು ಸರಿಯಲ್ಲ. ಶುಲ್ಕ ಮೊದಲ ಭೇಟಿಗೆ 500 ರೂಪಾಯಿ, ಆಮೇಲಿನ ಪ್ರತಿ ಭೇಟಿಗೆ 300. ಹದಿನಾಲ್ಕು ಭೇಟಿಗೆ ನನಗಾದ ಒಟ್ಟು ಖರ್ಚು 4,400 ರೂಪಾಯಿ. ನನ್ನ ಓಟದ ಬೂಟಿನ ಬೆಲೆಯೇ ಇದಕ್ಕಿಂತ ಹೆಚ್ಚು.

ಸ್ಪರ್ಧೆಗೆ ಎರಡು ವಾರ ಇರುವಾಗ, ಪರಿಚಯದವರೊಬ್ಬರ ಮಾತು ಕೇಳಿ, ಒಂದು ಸ್ಟಿರಾಯ್ಡ್ ಇಂಜೆಕ್ಷನ್ ತೆಗೆದುಕೊಂಡರೆ ನಿಶ್ಚಿಂತೆಯಿಂದ ಓಡಬಹುದಲ್ಲವೇ ಎಂದು ನಾನು ಕೇಳಿದೆ. ಈ ನರಕ್ಕೆ ಆ ಇಂಜೆಕ್ಷನ್ ಕೊಟ್ಟರೆ ಅದು ಹರಿಯುವ ಅಪಾಯವಿದೆ, ನೋವು ಕಾಣದಿದ್ದಾಗ ಹೆಚ್ಚು ಭಾರ ಹಾಕಿಬಿಡುತ್ತೀರಿ ಎಂದು ಅವರು ಬಿಡಿಸಿ ಹೇಳಿದರು. ಸ್ಪರ್ಧೆಯ ಬೆಳಗ್ಗೆ ಐಬುಪ್ರೊಫೆನ್ ನುಂಗುವುದೂ ಬೇಡ, ಬೆವರು ಸುರಿದು ದೇಹದಲ್ಲಿ ನೀರು ಕಡಿಮೆಯಾದಾಗ ಅದು ಮೂತ್ರಪಿಂಡಕ್ಕೆ ಕೆಟ್ಟದ್ದು ಎಂದರು. ಬೇಡವೆಂದು ಹೇಳಿದ್ದಕ್ಕೆಲ್ಲ ಕಾರಣವನ್ನೂ ಹೇಳುವ ಈ ಗುಣವನ್ನು ನಾನು ಬಹಳ ಗೌರವಿಸುತ್ತೇನೆ.

ಅಮರಾವತಿ ಎಕ್ಸ್‌ಪ್ರೆಸ್‌ನಲ್ಲಿ ಮೂರು ದಿನ ಮೊದಲೇ ಗೋವಾ ತಲುಪಿದ್ದೆ. ಈಜು 52 ನಿಮಿಷ, ಸೈಕಲ್ 3 ಗಂಟೆ 31 ನಿಮಿಷ ತೆಗೆದುಕೊಂಡಿತು. ಅಲ್ಲಿಯವರೆಗೆ ನೋವು ಒಂದರ ಆಸುಪಾಸಿನಲ್ಲಿತ್ತು. ಓಟದ ಹದಿನಾಲ್ಕನೆಯ ಕಿಲೋಮೀಟರಿನಲ್ಲಿ ಅದು ನಾಲ್ಕಕ್ಕೇರಿತು. ಐದು ದಾಟುವ ಮೊದಲೇ, ಮೊದಲು ಮಾತಾಡಿಕೊಂಡಿದ್ದಂತೆ, ಎರಡು ನಿಮಿಷ ಓಟ ಒಂದು ನಿಮಿಷ ನಡಿಗೆಗೆ ಇಳಿದೆ. ಕಡಲಗಾಳಿಯಿದ್ದರೂ ಸೆಕೆ ಸೆಕೆಯೇ. ನೀರು ಕೊಡುವ ಕಡೆಯಲ್ಲೆಲ್ಲ ತಲೆಗೆ ಒಂದು ಲೋಟ, ಬಾಯಿಗೆ ಒಂದು ಲೋಟ. ನಡುವೆ ಬಟ್ಟೆ ಬೂಟು ಬದಲಿಸಿದ ಹೊತ್ತೂ ಸೇರಿ ಒಟ್ಟು 7 ಗಂಟೆ 25 ನಿಮಿಷಕ್ಕೆ ಮುಗಿಸಿದಾಗ, ಪದಕವನ್ನು ಕೊರಳಿಗೆ ಹಾಕಿಸಿಕೊಂಡ ಕೂಡಲೇ ನಾನು ಬಗ್ಗಿ ಎಡಗಾಲಿನ ಆ ಕಡಲೆಕಾಳನ್ನು ಮುಟ್ಟಿ ನೋಡಿದೆ. ಬಿಸಿಯಾಗಿತ್ತು, ಆದರೆ ದೊಡ್ಡದಾಗಿರಲಿಲ್ಲ.

ಮರುದಿನ ಬೆಳಗ್ಗೆ ಲಾಡ್ಜಿನ ಮೆಟ್ಟಿಲನ್ನು ಕಂಬಿ ಹಿಡಿದು ಇಳಿದೆ; ನೋಟ್‌ಬುಕ್ಕಿನಲ್ಲಿ ಮೂರು ಎಂದು ಬರೆದೆ. ನಾಲ್ಕನೆಯ ದಿನಕ್ಕೆ ಅದು ಒಂದಕ್ಕೆ ಬಂತು. ಕಾಲು ಪೂರ್ತಿ ಗುಣವಾಗಿದೆ ಎಂದು ಹೇಳಲಾರೆ, ಮೇಡಂ ಕೂಡ ಹಾಗೆ ಹೇಳಿಲ್ಲ. ಆದರೆ ಒಂದೇ ಕಾಲಿನ ಮೇಲೆ ಹಿಮ್ಮಡಿ ಎತ್ತುವ ಲೆಕ್ಕ ಒಂಬತ್ತರಿಂದ ಇಪ್ಪತ್ತನಾಲ್ಕಕ್ಕೆ ಬಂದಿದೆ, ಈಗ ತಿಂಗಳಿಗೊಮ್ಮೆ ಹೋಗಿ ಬರುತ್ತೇನೆ. ಹೊಸದಾಗಿ ಹೋಗುವವರು ಸಾಧ್ಯವಾದರೆ ಬೆಳಗಿನ ಹೊತ್ತೇ ಕೇಳಿ, ಮೊದಲ ಭೇಟಿಗೆ ಮೇಡಂ ಅವರೇ ಇರುತ್ತಾರೆಯೇ ಎಂದು ಫೋನಿನಲ್ಲಿ ಖಚಿತಪಡಿಸಿಕೊಳ್ಳಿ. ನಿಮ್ಮ ಹಳೆಯ ಓಟದ ಬೂಟುಗಳನ್ನು ತೊಳೆಯದೆ ಹಾಗೆಯೇ ತೆಗೆದುಕೊಂಡು ಹೋಗಿ. ಅಡಿಭಾಗ ಎಲ್ಲಿ ಸವೆದಿದೆ ಎಂಬುದನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ.