ಏಳು ವರ್ಷ ಡಾಕ್ಯುಮೆಂಟರಿ ಚಾನೆಲ್ ನೋಡಿದ ಮೇಲೆ: ಆನೆ ಹಾಗೆ ನಡೆಯೋದಿಲ್ಲ

ಯಾವ ಡಿಟಿಎಚ್ ಒಳ್ಳೆಯದು, ಯಾವ ಪ್ಯಾಕ್‌ನಲ್ಲಿ ಎಷ್ಟು ಚಾನೆಲ್ ಅನ್ನುವ ಲೆಕ್ಕ ಇಲ್ಲಿ ಸಿಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಅದೆಲ್ಲ ನಿಮಗೇ ಗೊತ್ತಿರುತ್ತದೆ. ಏಳು ವರ್ಷದಿಂದ ವಿಜ್ಞಾನ, ಚರಿತ್ರೆ, ಕಾಡು, ಸಾಹಸ ಅಂತ ಐದು ಚಾನೆಲ್‌ಗೆ ದುಡ್ಡು ಕಟ್ಟುತ್ತಿದ್ದೇನೆ. ಖುಷಿಯಾಗಿಯೇ ಕಟ್ಟುತ್ತಿದ್ದೆ. ಈಗ ಒಂದು ಕಿರಿಕಿರಿ ಹತ್ತಿಕೊಂಡಿದೆ. ಅದನ್ನು ಮನೆಯವಳ ಹತ್ತಿರ ಹೇಳಿ ಹೇಳಿ ಈಗ ನಾನು ಬಾಯಿ ತೆಗೆದರೆ ಅವಳು ಎದ್ದು ಅಡುಗೆಮನೆಗೆ ಹೋಗುತ್ತಾಳೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾವಿರುವುದು ಕೊಡಗಿನ ಸಿದ್ದಾಪುರದ ಹತ್ತಿರ. ಆರು ಎಕರೆ ರೊಬಸ್ಟಾ ಕಾಫಿ, ಸಿಲ್ವರ್ ಮರಗಳಿಗೆ ಕರಿಮೆಣಸಿನ ಬಳ್ಳಿ. 2019ರ ಫೆಬ್ರವರಿಯಲ್ಲಿ ಟಿವಿ ದರಕ್ಕೆ ನಿಯಮ ಮಾಡುವ ಟ್ರಾಯ್‌ನವರು ಹೊಸ ದರ ತಂದರಲ್ಲ, ನೂರು ಚಾನೆಲ್‌ಗೆ 130 ರೂಪಾಯಿ, ತೆರಿಗೆ ಬೇರೆ, ಅದರ ಮೇಲೆ ಬೇಕಾದ ಚಾನೆಲ್‌ಗೆ ಬೇರೆ ಬೇರೆ ದುಡ್ಡು. ಆಗ ಪೆನ್ಸಿಲ್ ಹಿಡಿದು ಕೂತಿದ್ದೆ. ನೋಡಿದರೆ ಡಾಕ್ಯುಮೆಂಟರಿ ಚಾನೆಲ್‌ಗಳು ಅಗ್ಗವೇ. ಹೆಚ್ಚು ಕಡಿಮೆ ಒಂದು ಕ್ರಿಕೆಟ್ ಚಾನೆಲ್ ದುಡ್ಡಿಗೆ ಐದೂ ಬಂದವು. ಕ್ರಿಕೆಟ್ ಬಿಟ್ಟೆ. ಸ್ಕೋರ್ ಮೊಬೈಲ್‌ನಲ್ಲಿ ಬರುತ್ತದೆ, ಅಲ್ವಾ.

ನನ್ನ ಹುಚ್ಚು ದೂರದರ್ಶನದ ಕಾಲದ್ದು. ತೊಂಬತ್ತರ ಸುಮಾರಿಗೆ ಟರ್ನಿಂಗ್ ಪಾಯಿಂಟ್ ಅಂತ ವಿಜ್ಞಾನದ ಕಾರ್ಯಕ್ರಮ ಬರುತ್ತಿತ್ತು. ಗಿರೀಶ್ ಕಾರ್ನಾಡರು ನಡೆಸಿಕೊಡುತ್ತಿದ್ದರು, ಪ್ರೊಫೆಸರ್ ಯಶ್ ಪಾಲ್ ಜನರ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರು. ಅರ್ಧ ಅರ್ಥ ಆಗುತ್ತಿರಲಿಲ್ಲ. ಆದರೂ ಆ ಅರ್ಧ ಗಂಟೆ ನಾನು ಅಲ್ಲಾಡುತ್ತಿರಲಿಲ್ಲ.

ಈಗಿನ ಪದ್ಧತಿ ಹೀಗೆ. ಏಳೂವರೆಗೆ ಬಚ್ಚಲ ಒಲೆಯ ಬೆಂಕಿ ಆರಿಸಿ, ಸ್ನಾನ ಮುಗಿಸಿ, ಬೆಲ್ಲ ಹಾಕಿದ ಕಪ್ಪು ಕಾಪಿ ಎರಡು ಲೋಟ. ಒಂದು ನನಗೆ, ಒಂದು ಅವ್ವನಿಗೆ. ಜಗಲಿಯ ದೀಪ ಆರಿಸಬೇಕು, ಇಲ್ಲದಿದ್ದರೆ ಮಳೆಹುಳು ಎಲ್ಲ ಒಳಗೆ. ಬೆಕ್ಕು ಸೆಟ್‌ಟಾಪ್ ಬಾಕ್ಸ್ ಮೇಲೆ ಏರಿ ಮಲಗುತ್ತದೆ, ಬೆಚ್ಚಗಿರುತ್ತದೆ ಅಂತ. ಅದರ ಬಾಲ ರಿಮೋಟ್‌ಗೆ ಅಡ್ಡ ಬಂದರೆ ಚಾನೆಲ್ ಬದಲಾಗುವುದಿಲ್ಲ. ಬಾಲ ಎತ್ತಿ ಪಕ್ಕಕ್ಕಿಡುವುದು ಮಗಳ ಕೆಲಸ.

ಅವ್ವ ಮೊದಲು ಇದಕ್ಕೆ ಕೂರುತ್ತಿರಲಿಲ್ಲ. ಇಂಗ್ಲಿಷ್, ಹಿಂದಿ ಅವರಿಗೆ ಬೇಡ. ಕನ್ನಡದಲ್ಲಿ ಡಬ್ಬಿಂಗ್ ಅಂದರೆ ಎಷ್ಟು ವರ್ಷ ಜಗಳ ಇತ್ತು ಅಂತ ಗೊತ್ತಲ್ಲ. 2012ರಲ್ಲಿ ಅಮೀರ್ ಖಾನ್ ಅವರ ಸತ್ಯಮೇವ ಜಯತೆ ತಮಿಳು, ತೆಲುಗು, ಮಲಯಾಳದಲ್ಲೆಲ್ಲ ಬಂತು, ನಮಗೆ ಬರಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಆದೇಶ ಕೊಟ್ಟ ಮೇಲೆ ನಿಧಾನಕ್ಕೆ ಬಾಗಿಲು ತೆರೆಯಿತು. ನಮ್ಮ ಬಾಕ್ಸ್‌ನಲ್ಲಿ ಒಂದು ದಿನ ಭಾಷೆಯ ಗುಂಡಿ ಸುಮ್ನೆ ಒತ್ತುತ್ತಾ ಹೋದಾಗ ಇದ್ದಕ್ಕಿದ್ದಂತೆ ಕನ್ನಡ ಬಂತು. ಒಳಗಿಂದ ಅವ್ವ ಕೇಳಿದರು, "ಯಾರು ಮಗಾ, ನೆಂಟರು ಬಂದರಾ?"

ಅವತ್ತಿನಿಂದ ಅವರು ಸೀರಿಯಲ್ ಬಿಟ್ಟರು. ನನಗೆ ಇದು ದೊಡ್ಡ ಸಂಗತಿ.

ಕನ್ನಡ ಹೇಗಿದೆ ಅಂದರೆ, ಹೇಳುವ ದನಿ ಚೆನ್ನಾಗಿದೆ, ಬರೆದುಕೊಟ್ಟವರು ಮಾತ್ರ ಕಾಡು ನೋಡಿದ ಹಾಗೆ ಕಾಣುವುದಿಲ್ಲ. ಪರಭಕ್ಷಕ, ಪರಭಕ್ಷಕ ಅಂತ ಹತ್ತು ಸಲ ಬಂದ ಮೇಲೆ ಅವ್ವ "ಅದ್ಯಾರದು ಭಕ್ಷಕ?" ಅಂದರು. ಹುಲಿ ಅಂದೆ. "ಹುಲಿ ಅಂತ ಹೇಳೋಕೆ ಏನು ರೋಗ?" ಮಂಗಟ್ಟೆಗೆ ಹಾರ್ನ್‌ಬಿಲ್ ಪಕ್ಷಿ ಅನ್ನುತ್ತಾರೆ. ಸೀಳುನಾಯಿಗೆ ಕಾಡಿನ ಶ್ವಾನ. ಶ್ವಾನ! ಇದನ್ನೆಲ್ಲ ನಾವು ತಿದ್ದಿಕೊಂಡು ನೋಡುತ್ತೇವೆ, ಅದರಲ್ಲೂ ಒಂದು ಮಜಾ ಇದೆ.

ಸಾಹಸದ ಕಾರ್ಯಕ್ರಮ ಮಗಳಿಗೆ. ಬೇರ್ ಗ್ರಿಲ್ಸ್ 2020ರಲ್ಲಿ ರಜನಿಕಾಂತ್ ಜೊತೆ ನಮ್ಮ ಬಂಡೀಪುರಕ್ಕೇ ಬಂದಿದ್ದರಲ್ಲ, ಅದನ್ನು ಅವಳು ಎಷ್ಟು ಸಲ ನೋಡಿದ್ದಾಳೋ. ಅವ್ವನದು ಒಂದೇ ಮಾತು: "ನಮ್ಮ ತೋಟದಾಳುಗಳ ಲೈನ್ ಮನೆ ಹುಡುಗರು ಮರಗಸಿಗೆ, ಕೊಂಬೆ ಕಡಿಯೋಕೆ, ಮರ ಹತ್ತುವುದನ್ನು ಇವರು ನೋಡಬೇಕು. ಅವರಿಗೆ ಪಾಪ ಕ್ಯಾಮೆರಾ ಇಲ್ಲ."

ಈಗ ಕಿರಿಕಿರಿಯ ವಿಷಯಕ್ಕೆ ಬರುತ್ತೇನೆ.

2024ರಲ್ಲಿ ರೊಬಸ್ಟಾಕ್ಕೆ ಯಾವತ್ತೂ ಕಾಣದ ದರ ಬಂತು. ನಾನೂ ಸ್ವಲ್ಪ ಕುಣಿದೆ. ದೊಡ್ಡ ಟಿವಿ ತಂದೆ, ಅದಕ್ಕೊಂದು ಸೌಂಡ್‌ಬಾರ್, ಮೂಲೆಯಲ್ಲಿಡುವ ಡಬ್ಬದಂಥ ಸ್ಪೀಕರ್. ಮೊದಲ ರಾತ್ರಿ ಆನೆಯ ಎಪಿಸೋಡ್ ಹಾಕಿದೆ. ಹಿಂಡು ನೀರಿಗೆ ಇಳಿಯುತ್ತಿದೆ. ಒಂದೊಂದು ಹೆಜ್ಜೆಗೂ ಧಡ್, ಧಡ್, ಧಡ್. ಶೋಕೇಸಿನ ಲೋಟ ನಡುಗಿತು. ನಾನು ಹೆಮ್ಮೆಯಿಂದ ಅವ್ವನ ಮುಖ ನೋಡಿದೆ.

"ಇದು ಯಾವ ಆನೆ?" ಅಂದರು.

ಆಫ್ರಿಕಾದ್ದು ಅಂದೆ.

"ಅಲ್ಲಿಯ ಆನೆಗೆ ಲಾಡ ಕಟ್ಟಿದ್ದಾರಾ?"

ಅಷ್ಟೇ. ಅವತ್ತಿನಿಂದ ನನ್ನ ನೆಮ್ಮದಿ ಹೋಯಿತು. ಯಾಕೆಂದರೆ ಅವರು ಹೇಳಿದ್ದು ನಿಜ, ಮತ್ತು ಅದು ನನಗೂ ಗೊತ್ತಿತ್ತು. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆ ಅಂತ ಲೆಕ್ಕ ಬಂತು, ದೇಶದಲ್ಲೇ ಜಾಸ್ತಿ, ಅದರಲ್ಲಿ ಒಂದಷ್ಟು ನಮ್ಮ ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಕಡೆ ತೋಟದಲ್ಲೇ ಸಂಸಾರ ಮಾಡುತ್ತಿವೆ. ಹಲಸು ಹಣ್ಣಾದರೆ ಬರುತ್ತವೆ, ಬೈನೆ ಮರ ಇದ್ದರೆ ಬರುತ್ತವೆ, ಏನೂ ಇಲ್ಲದಿದ್ದರೂ ಕೆರೆಗೆ ಬರುತ್ತವೆ. ಇಲ್ಲಿ ಯಾರನ್ನು ಬೇಕಾದರೂ ಕೇಳಿ, ಆನೆ ಹೆಜ್ಜೆ ಸದ್ದು ಕೇಳಿದವರು ಯಾರಾದರೂ ಇದ್ದಾರಾ ಅಂತ. ಇಲ್ಲ. ಕೇಳುವುದಿಲ್ಲ ಅನ್ನುವುದೇ ಭಯ. ಕೊಂಬೆ ಮುರಿದ ಸದ್ದು ಕೇಳುತ್ತದೆ, ಕಿವಿ ಬಡಿದದ್ದು ಕೇಳುತ್ತದೆ, ವಾಸನೆ ಬರುತ್ತದೆ. ಕಾಲಿನ ಸದ್ದು ಬರುವುದಿಲ್ಲ. ಅದರ ಮೂಳೆಯ ಜೋಡಣೆ ನೋಡಿದರೆ ಆನೆ ತುದಿಗಾಲಲ್ಲಿ ನಿಂತ ಹಾಗೆ ಇರುತ್ತದೆ, ಹಿಮ್ಮಡಿಯ ಕೆಳಗೆ ಕೊಬ್ಬಿನ ದಿಂಬು. ಭಾರ ಬಿದ್ದಾಗ ದಿಂಬು ಅಗಲ ಆಗುತ್ತದೆ, ಎತ್ತಿದಾಗ ಕಿರಿದಾಗುತ್ತದೆ. ಮೂರು ನಾಲ್ಕು ಟನ್ ಹತ್ತಿ ಮೇಲೆ ನಡೆದ ಹಾಗೆ. ಇದನ್ನು ನನಗೆ ಹೇಳಿಕೊಟ್ಟದ್ದೂ ಇದೇ ಚಾನೆಲ್‌ಗಳೇ, ಬೇರೆ ಎಪಿಸೋಡಿನಲ್ಲಿ, ಹಿಂದೆ ಧಡ್ ಧಡ್ ಹಾಕಿಕೊಂಡೇ!

ಸದ್ದು ಎಲ್ಲಿಂದ ಬರುತ್ತದೆ ಅಂತ ಆಮೇಲೆ ಹುಡುಕಿದೆ. ವನ್ಯಜೀವಿಗಳನ್ನು ಬಹಳ ದೂರದಿಂದ, ದೊಡ್ಡ ಲೆನ್ಸ್ ಹಾಕಿ ತೆಗೆಯುತ್ತಾರೆ. ಲೆನ್ಸ್ ಅರ್ಧ ಕಿಲೋಮೀಟರ್ ಆಚೆಯದನ್ನು ಹತ್ತಿರ ತರುತ್ತದೆ, ಮೈಕ್ ತರುವುದಿಲ್ಲ. ಹಾಗಾಗಿ ಹೆಜ್ಜೆ, ಅಗಿಯುವುದು, ರೆಕ್ಕೆ ಬಡಿಯುವುದು, ಜೇಡ ನಡೆಯುವುದು, ಇಂಥವನ್ನೆಲ್ಲ ಆಮೇಲೆ ಸ್ಟುಡಿಯೋದಲ್ಲಿ ಒಬ್ಬರು ಕೂತು ಬಟ್ಟೆ, ಎಲೆ, ಮರಳು, ಏನು ಸಿಗುತ್ತದೋ ಅದರಲ್ಲಿ ಮಾಡಿ ಸೇರಿಸುತ್ತಾರೆ. ಅದಕ್ಕೆ ಫೋಲಿ ಅಂತ ಹೆಸರು, ಸಿನಿಮಾದಲ್ಲೂ ಅದೇ. ಮೋಸ ಅಂತ ನಾನು ಹೇಳುವುದಿಲ್ಲ. ಸದ್ದೇ ಇಲ್ಲದೆ ತೋರಿಸಿದರೆ ಯಾರೂ ನೋಡಲ್ಲ. ಆದರೆ ಜೇಡ ನಡೆದರೆ ಟಕಟಕ ಅನ್ನಿಸಿ, ನನಗೇನು ಗೊತ್ತಾಗುತ್ತದೆ, ನಾನು ಜೇಡದ ಜೊತೆ ಬದುಕಿಲ್ಲ. ಆನೆ ವಿಷಯದಲ್ಲಿ ಬೇಡ.

ಒಂದು ಸಲ ಈ ಕಿವಿ ತೆರೆದರೆ ಮುಚ್ಚುವುದಿಲ್ಲ ನೋಡಿ. ಹಾವು ಹರಿದರೆ ಸರ್ ಅನ್ನುತ್ತದೆ, ಒದ್ದೆ ನೆಲದ ಮೇಲೂ. ಹದ್ದು ತಿರುಗಿದರೆ ವೂಶ್. ಚಿಟ್ಟೆಗೂ ಒಂದು ಸದ್ದು ಕೊಟ್ಟಿದ್ದಾರೆ. ಆಮೇಲೆ ಸಂಗೀತ. ಹುಲಿ ಸುಮ್ನೆ ಮಲಗಿದ್ದರೂ ಪಿಟೀಲು ಎಳೆಯುತ್ತಿರುತ್ತಾರೆ, ಏನೋ ಆಗುತ್ತದೆ ಅಂತ ನಾವು ಕಾಯುತ್ತೇವೆ, ಬ್ರೇಕ್ ಬರುತ್ತದೆ.

ಆ ಸಿಟ್ಟಿನಲ್ಲೇ ಬೇರೆ ಹಳೆಯ ಲೆಕ್ಕವೂ ನೆನಪಾಗುತ್ತದೆ. 2012ರಲ್ಲಿ ಅನಿಮಲ್ ಪ್ಲಾನೆಟ್‌ನವರು ಮತ್ಸ್ಯಕನ್ಯೆ ಸಿಕ್ಕಿದಳು ಅನ್ನುವ ಹಾಗೆ ಒಂದು ಕಟ್ಟುಕತೆಯನ್ನು ಡಾಕ್ಯುಮೆಂಟರಿ ವೇಷದಲ್ಲಿ ತೋರಿಸಿದರು. ವಿಜ್ಞಾನಿಗಳ ಪಾತ್ರಕ್ಕೆ ನಟರು. ಕೊನೆಗೆ ಅಮೆರಿಕದ ಸಾಗರ ಇಲಾಖೆಯವರೇ, ಅಂಥದ್ದಕ್ಕೆ ಯಾವ ಪುರಾವೆಯೂ ಇಲ್ಲ ಅಂತ ಪ್ರಕಟಣೆ ಕೊಡಬೇಕಾಯಿತು. ಚರಿತ್ರೆಯ ಚಾನೆಲ್ ಹಾಕಿದರೆ ಪಿರಮಿಡ್ ಕಟ್ಟಿದ್ದು ಬೇರೆ ಗ್ರಹದವರಾ ಅಂತ ಕೇಳುತ್ತಾರೆ. ಕೇಳುವುದು ಮಾತ್ರ, ಉತ್ತರ ಹೇಳುವುದಿಲ್ಲ. ಹಳೇಬೀಡಿನ ಗುಡಿ ಯಾರು ಕೆತ್ತಿದರು ಅಂತ ಇವರನ್ನು ಕೇಳಿದರೆ ಏನು ಹೇಳುತ್ತಾರೋ. ಆ ಚಾನೆಲ್ ಹೋದ ವರ್ಷ ತೆಗೆಸಿದೆ.

ಮಳೆಗಾಲದ ಗೋಳು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆ ಮಾಡಲು ಏನೂ ಇರುವುದಿಲ್ಲ, ಟಿವಿ ನೋಡೋಣ ಅಂದರೆ ಆಗಲೇ ಅದು ಬರುವುದಿಲ್ಲ. ಡಿಟಿಎಚ್ ಅಲೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ್ದು, ಮಳೆಹನಿ ಅದನ್ನು ಹೀರಿಬಿಡುತ್ತದೆ, ಚದುರಿಸಿಬಿಡುತ್ತದೆ. ಮೇಲೆ 36,000 ಕಿಲೋಮೀಟರ್ ದೂರದಲ್ಲಿರುವ ಇಸ್ರೋ ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರ ಇರುವುದು ಎಲ್ಲಿ? ಹಾಸನದಲ್ಲಿ, ನಮ್ಮ ಪಕ್ಕದ ಜಿಲ್ಲೆ. ಅಷ್ಟು ದೂರ ಹೋಗಿ ಬಂದದ್ದು ನನ್ನ ಮನೆಯ ಮೇಲಿನ ಕೊನೆಯ ನಾಲ್ಕು ಕಿಲೋಮೀಟರ್ ಮಳೆಯಲ್ಲಿ ಮುಳುಗುತ್ತದೆ. ಕಂಪನಿಗೆ ಫೋನ್ ಮಾಡಿದರೆ "ಮಳೆ ನಿಂತ ಮೇಲೆ ಸರಿಯಾಗುತ್ತದೆ ಸಾರ್" ಅನ್ನುತ್ತಾರೆ. ಯಾವಾಗ, ಅಕ್ಟೋಬರ್‌ನ ಕಾವೇರಿ ಸಂಕ್ರಮಣಕ್ಕಾ? ದುಡ್ಡು ಮಾತ್ರ ದಿನದ ಲೆಕ್ಕದಲ್ಲಿ ಕತ್ತರಿಸುತ್ತಲೇ ಇರುತ್ತಾರೆ. ನಾನು ಡಿಶ್‌ನ ಮೂತಿಗೆ ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಕಟ್ಟಿದ್ದೇನೆ. ನೀರು ಒಳಗೆ ಇಳಿಯದ ಹಾಗೆ ಅಷ್ಟೇ, ಮಳೆಗೆ ಅದರಿಂದ ಏನೂ ಆಗುವುದಿಲ್ಲ.

ಹೀಗೆ ಬೈದುಕೊಂಡೇ, ಹೋದ ವರ್ಷದ ಕಕ್ಕಡದಲ್ಲಿ, ಅಂದರೆ ಜುಲೈ ಆಗಸ್ಟ್‌ನ ಜೋರು ಮಳೆಯ ತಿಂಗಳಲ್ಲಿ, ಮಳೆ ಸ್ವಲ್ಪ ಬಿಟ್ಟ ಒಂದು ರಾತ್ರಿ, ಆನೆಗಳ ಮಾತಿನ ಬಗ್ಗೆ ಒಂದು ಎಪಿಸೋಡ್ ಸಿಕ್ಕಿತು. ಕೇಟಿ ಪೇನ್ ಅಂತ ಒಬ್ಬರು, ಮೊದಲು ತಿಮಿಂಗಿಲಗಳ ಹಾಡಿನ ಮೇಲೆ ಕೆಲಸ ಮಾಡಿದವರು. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಹತ್ತಿರ ಕೂತಿದ್ದಾಗ ಅವರಿಗೆ ಗಾಳಿಯೇ ಮಿಡಿದ ಹಾಗಾಯಿತಂತೆ. ಸದ್ದಿಲ್ಲ, ಮಿಡಿತ ಮಾತ್ರ. ಚಿಕ್ಕವರಿದ್ದಾಗ ಚರ್ಚಿನ ದೊಡ್ಡ ಆರ್ಗನ್ ಪಕ್ಕ ನಿಂತಾಗ ಹಾಗೆ ಆಗಿತ್ತು ಅಂತ ಆಮೇಲೆ ನೆನಪಾಯಿತು. ರೆಕಾರ್ಡ್ ಮಾಡಿ ನೋಡಿದರೆ ಹೌದು, ಆನೆಗಳು ನಮ್ಮ ಕಿವಿಗೆ ಸಿಗದ, 20 ಹರ್ಟ್ಸ್‌ಗಿಂತ ಕೆಳಗಿನ ದನಿಯಲ್ಲಿ ಮಾತಾಡುತ್ತಿವೆ. ಕಾಡಿನಲ್ಲಿ ಅದು ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ.

ಅವ್ವ ಲೋಟ ಕೆಳಗಿಟ್ಟರು. "ಅಕ್ಕಿ ಮಿಲ್ ಪಕ್ಕ ನಿಂತ ಹಾಗೆ" ಅಂದರು.

ಏನು ಅಂದೆ.

ನಾನು ಹುಟ್ಟುವ ಮುಂಚೆ ಒಂದು ಬೆಳಿಗ್ಗೆ ಕೆರೆ ಹತ್ತಿರ ಸೌದೆ ತರಲು ಹೋಗಿದ್ದರಂತೆ. ಎದೆಯೊಳಗೆ ಗುಂಯ್ ಅಂದ ಹಾಗಾಯಿತಂತೆ. ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ. ಸೌದೆ ಬಿಟ್ಟು ಮನೆಗೆ ಬಂದು ಮಲಗಿಬಿಟ್ಟರು. ಮಧ್ಯಾಹ್ನ ಗಂಡಸರು ಹೋಗಿ ನೋಡಿದರೆ ಕೆರೆಯ ಏರಿಯ ಆಚೆ ಲದ್ದಿ. ಯಾರಿಗೂ ಹೇಳಿರಲಿಲ್ಲವಂತೆ, ಹೆದರಿ ಜ್ವರ ಬಂತು ಅಂತ ನಗುತ್ತಾರೆ ಅಂತ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಈ ಕತೆ ಕೇಳಿರಲಿಲ್ಲ. ಕನ್ನಡದ ದನಿ ಇಲ್ಲದಿದ್ದರೆ ಅವತ್ತೂ ಕೇಳುತ್ತಿರಲಿಲ್ಲ, ಅವರು ಒಳಗೆ ಅಕ್ಕಿ ಆರಿಸುತ್ತಿರುತ್ತಿದ್ದರು.

ಆ ಎಪಿಸೋಡಿನಲ್ಲಿಯೂ ಧಡ್ ಧಡ್ ಇತ್ತು, ಅದು ಬೇರೆ ಮಾತು. ಅವ್ವ ಈ ಸಲ ಏನೂ ಅನ್ನಲಿಲ್ಲ. ಅವರು ಟಿವಿ ನೋಡುತ್ತಲೂ ಇರಲಿಲ್ಲ.

ಈಗ ನಮ್ಮ ಮನೆಯ ಲೆಕ್ಕ ಹೀಗಿದೆ. ಐದರಲ್ಲಿ ಮೂರು ಚಾನೆಲ್ ಉಳಿಸಿಕೊಂಡಿದ್ದೇನೆ, ಕನ್ನಡ ದನಿ ಇರುವುದು ಮಾತ್ರ. ಎಚ್‌ಡಿ ಬಿಟ್ಟೆ, ನಮ್ಮ ಬಾಕ್ಸ್‌ನಲ್ಲಿ ಎಚ್‌ಡಿಗೆ ಹೋದರೆ ಕನ್ನಡ ಹೋಗುತ್ತದೆ. ಇಷ್ಟು ದೊಡ್ಡ ಟಿವಿ ತಂದು ಮಸುಕು ಚಿತ್ರ ನೋಡುತ್ತೀರಾ ಅಂತ ಬಂದವರು ನಗುತ್ತಾರೆ. ಜೂನ್ ಬಂದರೆ ಎರಡು ತಿಂಗಳು ರೀಚಾರ್ಜ್ ನಿಲ್ಲಿಸುತ್ತೇನೆ, ನಿಮ್ಮ ಕಡೆ ಭಾಗಮಂಡಲದಂತೆ ಮಳೆ ಇದ್ದರೆ ಮೂರು ತಿಂಗಳು ನಿಲ್ಲಿಸಿ. ಮೂಲೆಯ ಡಬ್ಬದ ಸ್ಪೀಕರ್‌ನ ವೈರ್ ಕಿತ್ತಿಟ್ಟಿದ್ದೇನೆ. ಆನೆ ಬಂದರೆ ಈಗ ಬರೀ ಟಪ್ ಟಪ್ ಅನ್ನುತ್ತದೆ, ಚಪ್ಪಲಿ ಹಾಕಿದ ಹಾಗೆ. ಸ್ಪೀಕರ್ ಮೇಲೆ ಬೆಕ್ಕು ಮಲಗುತ್ತದೆ. ಬಾಲ ಈಗ ರಿಮೋಟ್‌ಗೆ ಅಡ್ಡ ಬರುವುದಿಲ್ಲ.