ತೋಟಾ ಸಿಕ್ಕಿಕೊಂಡಾಗ ಬೋಲ್ಟ್ ಮೇಲೆ ಗುದ್ದಬೇಡಿ

ನನ್ನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಮೂರು ಹೊಲಿಗೆಯ ಗುರುತಿದೆ. ಶೂಟಿಂಗ್ ರೇಂಜ್‌ನಲ್ಲಿ ಹಾಕಿಕೊಳ್ಳುತ್ತಿದ್ದ ಕನ್ನಡಕದ ಬಲಗಾಜಿನಲ್ಲಿ, ಸರಿಯಾಗಿ ಕಣ್ಣುಗುಡ್ಡೆಯ ಎದುರಿಗೆ, ಒಂದು ಆಳವಾದ ಗೀರು ಇದೆ. ಆ ಕನ್ನಡಕವನ್ನು ನಾನು ಎಸೆದಿಲ್ಲ.

ಒಂದು ಈಡು ಹಾರಿದ ಕೂಡಲೇ ಮುಂದಿನ ತೋಟಾ ತಾನೇ ಒಳಗೆ ಬರುವ .22 ಸೆಮಿ ಆಟೋಮ್ಯಾಟಿಕ್ ರೈಫಲ್ ಇರುವವರು, ಅದರಲ್ಲೂ ಅಪ್ಪನಿಂದಲೋ ಅಜ್ಜನಿಂದಲೋ ಬಂದ ಹಳೆಯ ಕೋವಿಯನ್ನು ರೇಂಜ್‌ಗೆ ತಂದು ಅಭ್ಯಾಸ ಮಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮದು ಸಕಲೇಶಪುರದ ಕಡೆ ಕಾಫಿ ತೋಟ. ರೈಫಲ್ ಅಪ್ಪನದು. ಅಪ್ಪನಿಗೆ 70 ದಾಟಿದ ಮೇಲೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅರ್ಜಿ ಹಾಕಿ, ಬೆಂಗಳೂರಿನಲ್ಲಿರುವ ನನ್ನ ಹೆಸರಿಗೆ ಮಾಡಿಸಿಕೊಂಡೆವು. ಅಪ್ಪ ಅದರಲ್ಲಿ ವರ್ಷಕ್ಕೆ ಹತ್ತು ಈಡು ಹೊಡೆದಿದ್ದರೆ ಜಾಸ್ತಿ. ಆದರೆ ಹೊಡೆದ ದಿನವೇ ರಾತ್ರಿ ಲ್ಯಾಂಪಿನ ಮುಂದೆ ಕೂತು ಒರೆಸುತ್ತಿದ್ದರು. ಎಲೆಕ್ಷನ್ ಬಂದಾಗ ಸ್ಟೇಷನ್‌ನಲ್ಲಿ ಜಮಾ ಮಾಡುವ ಮುಂಚೆಯೂ ಒಮ್ಮೆ, ವಾಪಸ್ ತಂದ ಮೇಲೂ ಒಮ್ಮೆ. ನಾನು ಪ್ರತಿ ಭಾನುವಾರ ಐವತ್ತು ಈಡು ಹೊಡೆಯುತ್ತಿದ್ದೆ. ಒರೆಸುತ್ತಿದ್ದದ್ದು ತಿಂಗಳಿಗೊಮ್ಮೆ.

ತೊಂದರೆ ಶುರುವಾಗಿದ್ದು ನವೆಂಬರ್‌ನಲ್ಲಿ. ಐದಾರು ಈಡಿಗೊಮ್ಮೆ ಮುಂದಿನ ತೋಟಾ ನಳಿಗೆಯ ಹಿಂತುದಿಯಲ್ಲಿ ತಾನು ಕೂರಬೇಕಾದ ಚೇಂಬರ್‌ಗೆ ಹೋಗದೆ ಮೂತಿ ಕೆಳಗೆ ತಗುಲಿ ನಿಲ್ಲುತ್ತಿತ್ತು. ಇನ್ನೊಮ್ಮೆ ತೋಟಾವನ್ನು ಚೇಂಬರ್‌ಗೆ ತಳ್ಳಿ ಹಿಂದಿನಿಂದ ಮುಚ್ಚುವ ಬೋಲ್ಟ್ ಮುಂದೆ ಬಂದು, ಪೂರ್ತಿ ಮುಚ್ಚದೆ, ಒಂದೆರಡು ಮಿಲಿಮೀಟರ್ ಬಾಕಿ ಇರುವಾಗಲೇ ನಿಂತುಬಿಡುತ್ತಿತ್ತು. ಆಗ ನಾನು ಅಂಗೈಯಿಂದ ಬೋಲ್ಟ್ ಹಿಡಿಗೆ ಒಂದು ಗುದ್ದು ಕೊಡುತ್ತಿದ್ದೆ. ಟಕ್ ಎಂದು ಕೂರುತ್ತಿತ್ತು. ಹೊಡೆಯುತ್ತಿದ್ದೆ. ಕೆಲಸ ಆಯಿತಲ್ಲ ಅಂದುಕೊಳ್ಳುತ್ತಿದ್ದೆ.

ಯಾವುದೋ ವಿಡಿಯೋ ನೋಡಿ, ತೋಟಾಗಳನ್ನು ತುಂಬಿಡುವ ಮ್ಯಾಗಝಿನ್‌ನದೇ ತಪ್ಪು ಎಂದು ತೀರ್ಮಾನಿಸಿದೆ. ತೋಟಾವನ್ನು ಮೇಲಿನಿಂದ ಹಿಡಿದಿಡುವ ಎರಡು ಅಂಚುಗಳಿರುತ್ತವಲ್ಲ, ಆ ತುಟಿಗಳನ್ನು ಇಕ್ಕಳಕ್ಕೆ ಬಟ್ಟೆ ಸುತ್ತಿ ಸ್ವಲ್ಪ ಒಳಗೆ ಅಮುಕಿದೆ. ಎರಡು ಭಾನುವಾರ ಸರಿಯಾದ ಹಾಗೆ ಕಂಡಿತು. ಮೂರನೆಯ ವಾರಕ್ಕೆ ಮೊದಲಿಗಿಂತ ಕೆಟ್ಟಿತು. ಪೀಣ್ಯದಲ್ಲಿ ಲೇತ್ ಇಟ್ಟಿರುವ ಗೆಳೆಯನೊಬ್ಬ, "ತಗೊಂಡು ಬಾರೋ, ಒಳಗೆ ಸ್ವಲ್ಪ ಅರ ಹಾಕಿ ನೈಸ್ ಮಾಡಿಕೊಡ್ತೀನಿ" ಎಂದ. ಒಯ್ಯಲು ಹೊರಟೇ ಇದ್ದೆ, ಆ ವಾರ ಅವನು ಊರಲ್ಲಿರಲಿಲ್ಲ. ಕೋವಿ ರಿಪೇರಿ ಮಾಡುವವರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕು. ಅವನ ಕೈಗೆ ಕೊಟ್ಟಿದ್ದರೆ ಇಬ್ಬರೂ ಸಿಕ್ಕಿಬೀಳುತ್ತಿದ್ದೆವು. ಅದೂ ಅಲ್ಲದೆ, ಅರ ಹಾಕಿ ತೆಗೆದ ಉಕ್ಕನ್ನು ಯಾರೂ ವಾಪಸ್ ಅಂಟಿಸಲಾರರು.

ಇನ್ನೊಂದು ತಪ್ಪು ಹೇಳಲೇಬೇಕು. ಮೆಷಿನ್ ಎಣ್ಣೆ ಖಾಲಿಯಾಗಿತ್ತು. ಮನೆಯಲ್ಲಿದ್ದ ಕೊಬ್ಬರಿ ಎಣ್ಣೆಯನ್ನೇ ಬೋಲ್ಟ್‌ಗೆ ಸವರಿದೆ. ಊರಲ್ಲಿ ಕತ್ತಿಗೆ ಹಚ್ಚುವುದು ಅದನ್ನೇ ಅಲ್ವಾ ಎಂಬ ಧೈರ್ಯ.

ಜನವರಿಯ ಒಂದು ಭಾನುವಾರ, ಬೆಳಗ್ಗೆ ಏಳೂವರೆ. ಮೈಸೂರು ರಸ್ತೆಯಲ್ಲಿ ಇನ್ನೂ ಮಂಜಿತ್ತು. ರೇಂಜ್‌ನಲ್ಲಿ ನನ್ನ ಬಲಗಡೆಯ ಲೇನ್‌ನಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳು ಅಭ್ಯಾಸ ಮಾಡುತ್ತಿದ್ದಳು. ನಾಲ್ಕನೆಯ ಈಡಿಗೇ ಬೋಲ್ಟ್ ಅರ್ಧಕ್ಕೆ ನಿಂತಿತು. ಗುದ್ದಿದೆ. ಕೂರಲಿಲ್ಲ. ಇನ್ನೂ ಜೋರಾಗಿ ಗುದ್ದಿದೆ.

ಕುದುರೆ, ಅಂದರೆ ಟ್ರಿಗರ್, ಎಳೆದಿರಲಿಲ್ಲ. ಬೆರಳು ಅದರ ಹತ್ತಿರವೂ ಇರಲಿಲ್ಲ. ಆದರೂ ಈಡು ಹಾರಿತು. ಸದ್ದು ಮಾಮೂಲಿನ ಹಾಗಿರಲಿಲ್ಲ, ಪಟಾಕಿ ಕೈಯಲ್ಲೇ ಸಿಡಿದ ಹಾಗಿತ್ತು. ಮುಖಕ್ಕೆ ಬಿಸಿ ಗಾಳಿ ಬಡಿಯಿತು, ಮ್ಯಾಗಝಿನ್ ಕೆಳಗೆ ಕಳಚಿ ಬಿತ್ತು. ಕೈ ನೋಡಿದರೆ ರಕ್ತ. ರೈಫಲ್ ಮೂತಿ ಗುರಿಯ ಕಡೆಗೇ ಇದ್ದದ್ದರಿಂದ ಗುಂಡು ಮಣ್ಣಿನ ದಿಬ್ಬಕ್ಕೇ ಹೋಯಿತು. ಆದರೆ ತೋಟಾದ ಹಿತ್ತಾಳೆ ಕೇಸಿನ ಚೂರು ಬಲಗಡೆಗೆ ಹಾರಿ ಆ ಹುಡುಗಿಯ ತೋಳಿಗೆ ಬಡಿದಿತ್ತು. ಅವಳು ದಪ್ಪ ಕ್ಯಾನ್ವಾಸಿನ ಶೂಟಿಂಗ್ ಜಾಕೆಟ್ ಹಾಕಿದ್ದಳು. ಬಟ್ಟೆಯಲ್ಲಿ ಒಂದು ಸಣ್ಣ ತೂತು, ಅಷ್ಟೇ. ಅವಳ ಅಮ್ಮ ಹಿಂದಿನ ಬೆಂಚಿನಲ್ಲೇ ಕೂತಿದ್ದರು. ನನಗೆ ಬೈಯಲಿಲ್ಲ. ಮಗಳ ತೋಳನ್ನು ಮತ್ತೆ ಮತ್ತೆ ತಿರುಗಿಸಿ ನೋಡುತ್ತಿದ್ದರು.

ದೀಪಾವಳಿ ಮಾರನೆಯ ದಿನ ಮಿಂಟೋ ಆಸ್ಪತ್ರೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತ ಮಕ್ಕಳ ಫೋಟೋ ಪೇಪರ್‌ನಲ್ಲಿ ಬರುತ್ತದಲ್ಲ. ಕೈಗೆ ಹೊಲಿಗೆ ಹಾಕಿಸಿಕೊಳ್ಳುವಾಗ ನನಗೆ ಅದೇ ಕಣ್ಣ ಮುಂದೆ ಬರುತ್ತಿತ್ತು.

ಏನಾಗಿತ್ತು ಎಂದು ಬಿಡಿಸಿ ಹೇಳಿದವರು ನಮ್ಮ ರೇಂಜ್‌ನ ಕೋಚ್, ಸೇನೆಯಿಂದ ನಿವೃತ್ತರಾದ ಸುಬೇದಾರ್ ಸಾಹೇಬರು. .22 ತೋಟಾದಲ್ಲಿ, ಪೆಟ್ಟು ಬಿದ್ದರೆ ಹತ್ತಿಕೊಳ್ಳುವ ಕೇಪಿನ ಮದ್ದು ನಡುವೆ ಇರುವುದಿಲ್ಲ, ಹಿಂದಿನ ಅಂಚಿನ ಸುತ್ತ ಮಡಿಕೆಯೊಳಗೆ ಇರುತ್ತದೆ. ಅಂಚನ್ನು ಎಲ್ಲಿ ಜಜ್ಜಿದರೂ ಹತ್ತಿಕೊಳ್ಳುತ್ತದೆ. ಇಂಥ ರೈಫಲ್‌ಗಳಲ್ಲಿ ಹೆಚ್ಚಿನವಕ್ಕೆ ಬೋಲ್ಟ್‌ಗೆ ಬೀಗವೂ ಇಲ್ಲ. ಬೋಲ್ಟಿನ ಭಾರ ಮತ್ತು ಸ್ಪ್ರಿಂಗ್ ಮಾತ್ರ ಅದನ್ನು ಮುಚ್ಚಿ ಹಿಡಿದಿರುತ್ತವೆ. ತೆಳು ಹಿತ್ತಾಳೆ ಸಿಡಿಯದೆ ಇರುವುದು ಸುತ್ತಲೂ ಚೇಂಬರಿನ ಗೋಡೆ ಒತ್ತಿ ಹಿಡಿದಿರುವುದರಿಂದ. ತೋಟಾ ಅರ್ಧ ಹೊರಗಿರುವಾಗ ಹತ್ತಿಕೊಂಡರೆ ಆ ಹೊರಗಿನ ಭಾಗ ಹರಿದುಹೋಗುತ್ತದೆ. ನನ್ನದು ಹರಿದದ್ದು ಹಾಗೆ. ನನ್ನ ಗುದ್ದಿಗೆ ಅಂಚು ಬೋಲ್ಟ್ ಮತ್ತು ಚೇಂಬರ್ ಬಾಯಿಯ ನಡುವೆ ಸಿಕ್ಕಿ ಜಜ್ಜಿರಬೇಕು ಎಂದರು.

ಸಿಕ್ಕಿದ್ದೇಕೆ? ಟಾರ್ಚ್ ಹಿಡಿದು ಚೇಂಬರ್ ಬಾಯಿ ತೋರಿಸಿದರು. ಅಂಚಿನಲ್ಲಿ ಒಂದು ಕಡೆ ಉಕ್ಕು ತಗ್ಗಾಗಿ, ಒಳಕ್ಕೆ ಒಂದು ಸಣ್ಣ ಮುಳ್ಳಿನ ಹಾಗೆ ಎದ್ದಿತ್ತು. "ಮನೇಲಿ ಖಾಲಿ ಕೋವಿ ಕುದುರೆ ಎಳೀತಿದ್ರಾ?" ಎಂದು ಕೇಳಿದರು. ಹೌದು, ವಿಜಯನಗರದ ನಮ್ಮ ಮನೆಯ ಹಾಲ್‌ನಲ್ಲಿ ದಿನಾ ಸಂಜೆ ಐವತ್ತು ಸಲ. ಗುರಿ ಕೂರಲಿ ಎಂದು. ಹಳೆಯ .22 ರೈಫಲ್‌ಗಳಲ್ಲಿ ಕೇಪಿಗೆ ಬಡಿಯುವ ಫೈರಿಂಗ್ ಪಿನ್ ತೋಟಾದ ಅಂಚಿಗೇ ಹೊಡೆಯುವುದರಿಂದ, ತೋಟಾ ಇಲ್ಲದಿದ್ದರೆ ಅದು ನೇರವಾಗಿ ಚೇಂಬರಿನ ಬಾಯಿಗೆ ಬಡಿಯಬಹುದು. ಪಿನ್ ತೋಟಾದ ನಡುವಿಗೆ ಹೊಡೆಯುವ ಸೆಂಟರ್‌ಫೈರ್ ಕೋವಿಯಲ್ಲಿ ಅಷ್ಟಾಗಿ ತೊಂದರೆ ಮಾಡದ ಅಭ್ಯಾಸ ಇದರಲ್ಲಿ ಚೇಂಬರನ್ನೇ ಹಾಳು ಮಾಡುತ್ತದೆ. ದಯವಿಟ್ಟು ಇದೊಂದನ್ನು ಇವತ್ತೇ ನಿಲ್ಲಿಸಿ. ಅಭ್ಯಾಸ ಬೇಕೇ ಬೇಕು ಎಂದರೆ .22ಗೆಂದೇ ಮಾಡಿದ ಪ್ಲಾಸ್ಟಿಕ್ ಡಮ್ಮಿ ತೋಟಾ ಸಿಗುತ್ತದೆ, ಅದನ್ನು ಹಾಕಿಕೊಳ್ಳಿ.

ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಬೆಂಗಳೂರಿನ ಚಳಿಗಾಲದಲ್ಲಿ ಬಾಟಲಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ರೈಫಲ್ ಒಳಗೂ ಅದೇ ಆಗುತ್ತದೆ ಎಂದು ಹೊಳೆಯಲೇ ಇಲ್ಲ. ಮೇಲಾಗಿ .22 ಗುಂಡಿಗೆ ಹೊರಗಡೆಯೇ ಮೇಣವೋ ಗ್ರೀಸೋ ಸವರಿರುತ್ತದೆ. ಆ ಮೇಣ, ಮದ್ದಿನ ಮಸಿ, ನನ್ನ ಎಣ್ಣೆ ಮೂರೂ ಸೇರಿ ಬೋಲ್ಟ್ ಓಡುವ ಜಾಗದಲ್ಲಿ ಕರಿ ಅಂಟು ಕೂತಿತ್ತು. ಬೋಲ್ಟ್ ಪೂರ್ತಿ ಹಿಂದಕ್ಕೂ ಹೋಗುತ್ತಿರಲಿಲ್ಲ, ಜೋರಾಗಿ ಮುಂದಕ್ಕೂ ಬರುತ್ತಿರಲಿಲ್ಲ. ಆ ಮೇಲೆ ನಾನು ಅಮುಕಿದ ತುಟಿ, ಒಂದು ಕಡೆ ಜಾಸ್ತಿ ಬಾಗಿ, ತೋಟಾವನ್ನು ಓರೆಯಾಗಿ ಕಳಿಸುತ್ತಿತ್ತು.

ಸುಬೇದಾರ್ ಸಾಹೇಬರು ಅವತ್ತು ಕಲಿಸಿದ್ದನ್ನು ಹೇಳುತ್ತೇನೆ. ಜಾಮ್ ಆದ ಕೂಡಲೇ ಬೆರಳು ಹೊರಗೆ, ಮೂತಿ ಗುರಿಯ ಕಡೆ, ರೇಂಜ್ ಆಫೀಸರ್‌ಗೆ ಕೈ ಎತ್ತಿ ತಿಳಿಸಬೇಕು. ಕುದುರೆ ಎಳೆದೂ ಈಡು ಹಾರದಿದ್ದರೆ ಕನಿಷ್ಠ 30 ಸೆಕೆಂಡು ಹಾಗೇ ಹಿಡಿದಿರಬೇಕು, ಮದ್ದು ತಡವಾಗಿ ಹತ್ತಬಹುದು. ಸದ್ದು ಫುಸ್ ಎಂದು ಸಣ್ಣಗೆ ಬಂದರೆ ಇನ್ನೊಂದು ಈಡು ಹೊಡೆಯಲೇಬಾರದು, ಗುಂಡು ನಳಿಗೆಯಲ್ಲೇ ಉಳಿದಿರಬಹುದು. ಆಮೇಲೆ ಮ್ಯಾಗಝಿನ್ ತೆಗೆದು, ಬೋಲ್ಟ್ ಹಿಂದಕ್ಕೆ ಎಳೆದು, ಚೇಂಬರ್ ಖಾಲಿ ಎಂದು ಕಣ್ಣಾರೆ ನೋಡಬೇಕು. ಬೋಲ್ಟನ್ನು ಯಾವತ್ತೂ ಹಿಂದಕ್ಕೆ ಎಳೆಯಬೇಕು, ಮುಂದಕ್ಕೆ ಗುದ್ದಬಾರದು.

ಎಲ್ಲಿ ಸಿಕ್ಕಿತು ಎನ್ನುವುದನ್ನು ಕೀಳುವ ಮೊದಲೇ ನೋಡಿಟ್ಟುಕೊಳ್ಳಬೇಕಂತೆ. ನಾನು ಎಂದೂ ನೋಡಿರಲಿಲ್ಲ. ತೋಟಾ ಮೂತಿ ಚೇಂಬರ್ ಕೆಳಗೆ ತಗುಲಿದ್ದರೆ ಮೊದಲ ಅನುಮಾನ ಮ್ಯಾಗಝಿನ್ ಮೇಲೆ. ಎರಡು ಮ್ಯಾಗಝಿನ್ ಇದ್ದರೆ ನಂಬರ್ ಬರೆದಿಡಿ, ಒಂದರಲ್ಲೇ ಪದೇ ಪದೇ ಆದರೆ ಉತ್ತರ ಸಿಕ್ಕಿತು, ಅದನ್ನು ಬದಲಿಸಿ, ಬಗ್ಗಿಸಬೇಡಿ. ಬೋಲ್ಟ್ ತೋಟಾವನ್ನು ಎತ್ತಿಕೊಳ್ಳದೆ ಖಾಲಿ ಮುಚ್ಚಿದರೆ, ಅದು ಸಾಕಷ್ಟು ಹಿಂದೆ ಹೋಗುತ್ತಿಲ್ಲ ಅಥವಾ ಮ್ಯಾಗಝಿನ್ ಸ್ಪ್ರಿಂಗ್ ಸೋತಿದೆ. ಖಾಲಿ ಕೇಸುಗಳು ದೂರ ಚಿಮ್ಮದೆ ಕಾಲ ಬುಡದಲ್ಲೇ ಬೀಳುತ್ತಿದ್ದರೂ ಅದೇ ಸೂಚನೆ. ನನ್ನವು ಎರಡು ತಿಂಗಳಿಂದ ಕಾಲ ಬುಡದಲ್ಲೇ ಬೀಳುತ್ತಿದ್ದವು. ಟಾರ್ಗೆಟ್ ಶೂಟಿಂಗ್‌ನ ನಿಧಾನ ವೇಗದ ತೋಟಾಗಳಿಗೆ ಕೆಲವು ಸೆಮಿ ಆಟೋಗಳ ಬೋಲ್ಟ್ ತಳ್ಳುವಷ್ಟು ಬಲವಿರುವುದಿಲ್ಲ, ಅದನ್ನೂ ಬದಲಿಸಿ ನೋಡಬೇಕು. ಆದರೆ ಒಂದು ಸಲಕ್ಕೆ ಒಂದೇ ಬದಲಾವಣೆ. ತೋಟಾ, ಎಣ್ಣೆ, ಮ್ಯಾಗಝಿನ್ ಮೂರನ್ನೂ ಒಟ್ಟಿಗೆ ಬದಲಿಸಿ ನಾನು ಏನನ್ನೂ ಕಂಡುಹಿಡಿಯಲಿಲ್ಲ.

ಬೋಲ್ಟ್ ಪೂರ್ತಿ ಮುಚ್ಚದಿದ್ದರೆ ಚೇಂಬರ್ ಕೊಳೆಯಾಗಿದೆ ಅಥವಾ ಪೆಟ್ಟಾಗಿದೆ. ಬ್ರಷ್ ಹಾಕಿ ತೊಳೆದ ಮೇಲೂ ಹಾಗೇ ಆದರೆ ಅವತ್ತಿನ ಶೂಟಿಂಗ್ ಮುಗಿಯಿತು, ರೈಫಲ್ ಚೀಲಕ್ಕೆ. ಐವತ್ತು ತೋಟಾಗಳ ದುಡ್ಡು ಹೋಯಿತು ಎಂದು ನೋಡಬೇಡಿ. ನಾನು ನೋಡಿದ್ದು ಅದನ್ನೇ.

ರೈಫಲ್ ಈಗ ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಇದೆ. ಚೇಂಬರ್ ಅಂಚಿನ ಉಕ್ಕನ್ನು ಅದಕ್ಕೆಂದೇ ಇರುವ ಸಾಧನದಿಂದ ಸ್ವಸ್ಥಾನಕ್ಕೆ ಒತ್ತಿ ನೋಡುತ್ತೇವೆ, ಆಗದಿದ್ದರೆ ನಳಿಗೆಯನ್ನೇ ಬದಲಿಸಬೇಕು ಎಂದಿದ್ದಾರೆ. ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದರು. "ಕೋವಿ ಬಿಡು ಮಗಾ. ಆ ಹುಡುಗಿ ಮನೆಗೆ ಹೋಗಿ ಮಾತಾಡಿಸಿಕೊಂಡು ಬಂದ್ಯಾ?" ಎಂದರು.

ಮುಂದಿನ ಭಾನುವಾರ ಹೊಸ ಜಾಕೆಟ್ ತೆಗೆದುಕೊಂಡು ಹೋಗಿದ್ದೆ. ಅವರು ಜಾಕೆಟ್ ಬೇಡ ಎಂದರು, ಕಾಫಿ ಕೊಟ್ಟರು. ಅವಳ ಅಮ್ಮ ತೂತಿನ ಮೇಲೆ ತೇಪೆ ಹಾಕಿದ್ದರು.